ಕೃತಜ್ಞತೆಯ ಪುಟ, ಐದನೇ ಕರಡು

ಪೂಜ್ಯ ಗುರುಗಳ ಸನ್ನಿಧಿಗೆ, ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಕೇಳುವುದಿಲ್ಲ. ಅದು ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ದಿನಾ ಶಾಲು ಹೊದ್ದು, ಹಾರ ಹಾಕಿಕೊಂಡು ತಾನಾಗಿಯೇ ಬರುತ್ತಿದೆ. ಬರೆಯುತ್ತಿರುವ ಕಾರಣ ಇಷ್ಟೆ. ನನ್ನ ಮಹಾಪ್ರಬಂಧದ 342 ಪುಟಗಳಲ್ಲಿ ತಾವು ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು ವಾಪಸು ಕೊಟ್ಟಿರುವುದು ಒಂದೇ ಪುಟ. ಅದು ಕೃತಜ್ಞತೆಯ ಪುಟ. ನಾಲ್ಕು ಸಲ ತಿದ್ದಿದ್ದೀರಿ. ಐದನೇ ಕರಡು ಈ ಪತ್ರದ ಜೊತೆಗಿದೆ.

ಇದನ್ನು ಪತ್ರಿಕೆಯಲ್ಲಿ ಯಾಕೆ ಹಾಕಿಸಿದೆ ಎಂದು ತಾವು ಕೇಳಬಹುದು. ಕೊಠಡಿಗೆ ಬಂದರೆ ಬೀಗ. ಇಮೇಲಿಗೆ ಉತ್ತರವಿಲ್ಲ. ಫೋನ್ ಮಾಡಿದರೆ ‘ಸಿಂಡಿಕೇಟ್ ಮೀಟಿಂಗಲ್ಲಿದ್ದೀನಿ ಕಣಮ್ಮಾ’ ಅನ್ನುತ್ತೀರಿ, ಹಿಂದೆ ಕುಕ್ಕರ್ ಮೂರು ಸಲ ಕೂಗುತ್ತದೆ. ಪತ್ರಿಕೆಯನ್ನಾದರೆ ತಾವು ತಪ್ಪದೆ ತಿರುವಿ ಹಾಕುತ್ತೀರಿ, ತಮ್ಮ ಹೆಸರು ಬಂದಿದೆಯೇ ಎಂದು ನೋಡಲಿಕ್ಕಾದರೂ. ಇದರಲ್ಲಿ ಬಂದಿಲ್ಲ, ಗಾಬರಿಯಾಗಬೇಡಿ.

ಮೊದಲ ಕರಡಿನಲ್ಲಿ ನಾನು ಬರೆದದ್ದು ‘ನನ್ನ ಮಾರ್ಗದರ್ಶಕರಿಗೆ ಕೃತಜ್ಞತೆಗಳು’ ಎಂದು. ಅಂಚಿನಲ್ಲಿ ತಮ್ಮ ಟಿಪ್ಪಣಿ: ‘ಇಷ್ಟೇನಾ?’ ಎರಡನೆಯದರಲ್ಲಿ ತಮ್ಮನ್ನು ಹಿರಿಯ ವಿದ್ವಾಂಸರು ಎಂದೆ. ‘ಹಿರಿಯ’ ಹೊಡೆದುಹಾಕಿ ‘ಮೇರು’ ಅಂದಿರಿ. ಮೂರನೆಯದಕ್ಕೆ ‘ಮೇಡಂ ಹೆಸರು ಬಿಟ್ಟಿದೆ’ ಎಂದು ಬಂತು. ನಾಲ್ಕನೆಯದರಲ್ಲಿ ತಮ್ಮ ಮಗಳ ಹೆಸರಿನ ಹಿಂದೆ ‘ಕು.’ ಎಂದು ಹಾಕಿದ್ದೆ. ಆಕೆಗೆ ಮದುವೆಯಾಗಿ ಅಮೆರಿಕದಲ್ಲಿರುವ ಸಂಗತಿ ಒಬ್ಬ ಸಂಶೋಧಕಿಗೆ ಗೊತ್ತಿಲ್ಲದಿದ್ದರೆ ಹೇಗೆ ಎಂದು ಬೇಸರಪಟ್ಟಿರಿ. ಮದುವೆಯ ಮಂಟಪಕ್ಕೆ ಬಾಳೆಕಂಬ ಕಟ್ಟಿದವಳು ನಾನೇ. ತಪ್ಪು ನನ್ನದು, ತಿದ್ದಿದ್ದೇನೆ.

ಆದರೆ ಬರೆಯುತ್ತಾ ಹೋದ ಹಾಗೆ, ತಮ್ಮ ಉಪಕಾರಗಳಲ್ಲಿ ಇನ್ನೂ ಎಷ್ಟೋ ಆ ಪುಟದಲ್ಲಿ ಹಿಡಿಸುತ್ತಿಲ್ಲ ಅನ್ನಿಸಿತು. ಅವನ್ನು ಇಲ್ಲಿ ಹೇಳಿಬಿಡುತ್ತೇನೆ.

ಶೀರ್ಷಿಕೆಯಿಂದಲೇ ಶುರು ಮಾಡುವುದಾದರೆ, ‘ತುಮಕೂರು ಜಿಲ್ಲೆಯ ಕೆರೆ ಶಾಸನಗಳು: ಅಧ್ಯಯನ’ ಎಂದು ನಾನು ತಂದಾಗ ತಾವು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಿರಿ. ನಿದ್ದೆ ಬಂದಿದೆಯೇನೋ ಎಂದು ನಾನು ಎದ್ದು ಹೊರಡುವಷ್ಟರಲ್ಲಿ, ‘ಒಂದು ಅಧ್ಯಯನ ಅಂತ ಮಾಡಿ’ ಎಂದಿರಿ. ಆ ‘ಒಂದು’ ತಮ್ಮದು. ಉಳಿದದ್ದೆಲ್ಲ ನನ್ನ ತಪ್ಪು.

ರೈಸ್ ಸಾಹೇಬರು 1904ರಲ್ಲಿ ಹೊರತಂದ ಶಾಸನಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವನ್ನು ಬಗಲಲ್ಲಿ ಹಿಡಿದು, ಕೆಂಪು ಬಸ್ಸಿನಲ್ಲಿ ಊರೂರು ಸುತ್ತಿ, ತೂಬಿನ ಪಕ್ಕ, ಹುಣಸೆಮರದ ಬುಡ, ಅಂಗನವಾಡಿಯ ಹಿತ್ತಲಲ್ಲಿ ಬಿದ್ದಿದ್ದ ಕಲ್ಲುಗಳನ್ನು ತೊಳೆದು ಓದಿದೆ. ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಂಡವನಿಗೂ ಕೆರೆಯ ಕೆಳಗೆ ನೆಲ ಬಿಡುತ್ತಿದ್ದರು, ಬಿತ್ತುವಟ್ಟ ಎಂದು. ಏರಿ ಬಿರಿಯದಂತೆ ಕಾದವನಿಗೆ ಪಾಲು. ಏರಿಯ ಮೇಲೆ ನಿಂತು ಫೋಟೊ ಹೊಡೆಸಿಕೊಂಡವನಿಗೆ ಪಾಲು ಕೊಟ್ಟ ಶಾಸನ ನನಗೆ ಒಂದೂ ಸಿಗಲಿಲ್ಲ. ಇದೇ ನನ್ನ ಮೂರನೇ ಅಧ್ಯಾಯ. 2022ರ ದೀಪಾವಳಿಯ ಹಿಂದಿನ ದಿನ ‘ಹಬ್ಬದ ರಜೆಯಲ್ಲಿ ಓದ್ತೀನಿ’ ಎಂದು ಅದನ್ನು ತಮ್ಮ ಕಾರಿನ ಡಿಕ್ಕಿಯಲ್ಲಿ ಇಡಿಸಿಕೊಂಡಿರಿ. ಅಲ್ಲಿಂದಾಚೆಗೆ ಬಂದ ದೀಪಾವಳಿಗಳನ್ನು ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಆ ಅಧ್ಯಾಯದಿಂದಲೇ ತೆಗೆದ ಲೇಖನ ಮಾತ್ರ ಮಾರನೇ ವರ್ಷವೇ ಅಚ್ಚಾಯಿತು. ಮೊದಲ ಹೆಸರು ತಮ್ಮದು, ಎರಡನೆಯದು ನನ್ನದು, ಅದರಲ್ಲೂ ಇನಿಶಿಯಲ್ ತಪ್ಪು. ಓದದೆಯೇ ಒಂದು ಲೇಖನಕ್ಕೆ ಮೊದಲ ಲೇಖಕರಾಗುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ನೋಂದಣಿಯಾದ ದಿನ ತಾವು ನಮ್ಮನ್ನೆಲ್ಲ ಕೂರಿಸಿಕೊಂಡು ಗುರುವಿನ ಗುಲಾಮನಾಗುವ ಬಗ್ಗೆ ದಾಸರು ಹಾಡಿದ್ದನ್ನು ರಾಗವಾಗಿ ಹಾಡಿದಿರಿ. ಆಮೇಲೆ ಆರುಣಿಯ ಕಥೆ. ಧೌಮ್ಯರ ಶಿಷ್ಯ, ಗದ್ದೆಯ ಬದು ಒಡೆದಾಗ ತಾನೇ ಅಡ್ಡ ಮಲಗಿ ನೀರು ನಿಲ್ಲಿಸಿದ. ‘ಶಿಷ್ಯ ಅಂದ್ರೆ ಹಾಗಿರಬೇಕು’ ಎಂದಿರಿ. ಇನ್ನೊಬ್ಬ ಉಪಮನ್ಯು. ಭಿಕ್ಷೆ ತಿನ್ನಬೇಡ, ಹಾಲು ಕುಡಿಯಬೇಡ, ಕರು ಉಗುಳಿದ ನೊರೆಯನ್ನೂ ಮುಟ್ಟಬೇಡ ಎಂದಾಗ ಎಕ್ಕದ ಎಲೆ ತಿಂದು, ಕಣ್ಣು ಹೋಗಿ, ಬಾವಿಗೆ ಬಿದ್ದ. ನಮಗೆ ಫೆಲೋಶಿಪ್ ಬಾರದ ತಿಂಗಳುಗಳಲ್ಲಿ ತಾವು ಇದನ್ನು ಮರೆಯದೆ ನೆನಪಿಸುತ್ತಿದ್ದಿರಿ.

ಕೆರೆ, ಬದು, ಏರಿಗಳ ಮೇಲೆ ಇಷ್ಟು ವರ್ಷ ಕಳೆದವಳಾದ್ದರಿಂದ ಆ ಕಥೆಗಳನ್ನು ಮತ್ತೆ ತೆಗೆದು ಓದಿದೆ. ಅವುಗಳ ಉಳಿದರ್ಧವನ್ನು ತಾವು ಹೇಳಿರಲಿಲ್ಲ ಸರ್. ಧೌಮ್ಯರು ಉಳಿದ ಶಿಷ್ಯರನ್ನು ‘ಆರುಣಿ ಎಲ್ಲಿ?’ ಎಂದು ಕೇಳುತ್ತಾರೆ. ಕೇಳಿ, ತಾವೇ ಗದ್ದೆಯ ತನಕ ನಡೆದು ಹೋಗಿ ಹೆಸರು ಹಿಡಿದು ಕೂಗುತ್ತಾರೆ. ಉಪಮನ್ಯು ಸಂಜೆಗೆ ಬಾರದಿದ್ದಾಗಲೂ ಅಷ್ಟೇ, ಕಾಡಿಗೆ ಹೋಗಿ ಕೂಗಿದವರು ಗುರುಗಳೇ. ಬಾವಿಯೊಳಗಿಂದ ‘ಇಲ್ಲಿದ್ದೀನಿ’ ಎಂಬ ಉತ್ತರ ಬಂತು. ನಾನು ಬದುವಿನಲ್ಲಿ ಮಲಗಿ ಎಷ್ಟೋ ಮಳೆಗಾಲ ಕಳೆದವು. ಆಗಾಗ ಯಾರೋ ಕೂಗಿದ ಹಾಗಾಗುತ್ತದೆ. ಎದ್ದು ನೋಡಿದರೆ ‘ಬ್ಯಾಂಕಿಗೆ ಹೋಗ್ಬೇಕಿತ್ತು, ಫ್ರೀ ಇದ್ದೀಯೇನಮ್ಮಾ?’

ಜನಪದ ಹಾಡಿನಂತೆ, ಕೆರೆಗೆ ನೀರು ಬಾರದಿದ್ದರೆ ಹಿರಿಸೊಸೆಯರನ್ನೆಲ್ಲ ಬಿಟ್ಟು ಕಿರಿಸೊಸೆ ಭಾಗೀರಥಿಯನ್ನೇ ಬಲಿಗೆ ಹುಡುಕುವ ಪದ್ಧತಿ ನಮ್ಮ ವಿಭಾಗದಲ್ಲೂ ಇದೆ. ತಮ್ಮ ಗೃಹಪ್ರವೇಶದ ದಿನ ಇಡ್ಲಿ ಬಡಿಸಿದವರು ಮೂವರು ನೆಟ್ ಪಾಸಾದವರು. ಚಟ್ನಿ ಹಿಡಿದು ಓಡಾಡಿದವನು ಜೆಆರ್‌ಎಫ್. ತಿಂಗಳಿಗೆ 37,000 ರೂಪಾಯಿ ಕೊಟ್ಟು ಸಂಶೋಧನೆ ಮಾಡಪ್ಪಾ ಎಂದು ದೇಶ ಕಳಿಸಿದ ಹುಡುಗ ಅವನು. ಅವನ ಫೆಲೋಶಿಪ್ ಅರ್ಜಿಗೆ ತಮ್ಮ ಸಹಿ ಬೇಕು. ಆದ್ದರಿಂದ ಚಟ್ನಿಗೆ ಅವನು ಬೇಕು. ಇದರಲ್ಲಿ ಗೂಢವೇನೂ ಇಲ್ಲ.

ಇನ್ನು ಅಭಿನಂದನ ಗ್ರಂಥ. ಇದನ್ನು ಸಣ್ಣದಾಗಿ ಹೇಳಿ ಮುಗಿಸಿದರೆ ಪಾಪ ಬರುತ್ತದೆ. ತಮಗೇ ಗೊತ್ತಿಲ್ಲದಂತೆ ತಮ್ಮ ಶಿಷ್ಯರು ಒಂದು ಗ್ರಂಥ ತರಬೇಕೆಂದು ತಮಗೆ ಆಸೆಯಿತ್ತು. ಸಮಿತಿಯ ಮೊದಲ ಸಭೆಯನ್ನು ತಾವೇ ಕರೆದಿರಿ. ಲೇಖನ ಕೇಳಿ ಪತ್ರ ಬರೆದವರು ನಾವು. ಬಾರದ ಲೇಖನಗಳನ್ನು ಬರೆದವರೂ ನಾವೇ. ತಮ್ಮ ಬಾಲ್ಯದ ಗೆಳೆಯರೊಬ್ಬರ ನೆನಪುಗಳನ್ನು ನಾನು ಬರೆದೆ. ಅವರನ್ನು ನಾನು ಕಂಡವಳಲ್ಲ, ಆದರೂ ತಾವು ಗೋಲಿ ಆಡುತ್ತಿದ್ದ ಭಾಗ ಓದಿ ತಮಗೇ ಕಣ್ಣೀರು ಬಂತು. ತಮ್ಮ ಸಂಶೋಧನೆಯ ವಿಶಿಷ್ಟತೆ ಕುರಿತ ಲೇಖನ ಬರೆಯಲು ತಮ್ಮ ಮಹಾಪ್ರಬಂಧ ಬೇಕೆಂದು ಕೇಳಿದಾಗ ಮಾತ್ರ, ‘ಅದು ಬೇಡ, ವ್ಯಕ್ತಿತ್ವದ ಮೇಲೆ ಬರೀರಿ’ ಎಂದಿರಿ. ಮೂರು ಪ್ರೂಫು ನೋಡಿದ್ದಾಯಿತು. ಸಂಪಾದಕರ ಸಾಲಿನಲ್ಲಿ ನಾಲ್ವರು ಪ್ರಾಧ್ಯಾಪಕರ ಹೆಸರು ಬಂತು. ನಾವು ‘ನೆರವು: ಸಂಶೋಧನಾ ವಿದ್ಯಾರ್ಥಿಗಳು’ ಎಂಬಲ್ಲಿ ಒಟ್ಟಾಗಿ ಸಿಗುತ್ತೇವೆ. ಮಾರಾಟವಾಗದ ಪ್ರತಿಗಳು ನನ್ನ ಹಾಸ್ಟೆಲ್ ಕೋಣೆಯಲ್ಲಿವೆ. ಮಂಚದ ಒಂದು ಕಾಲು ಮುರಿದಿತ್ತು. ಉಪಯೋಗವಾಗಿಲ್ಲ ಎನ್ನಲಾರೆ.

ಇದಕ್ಕೆಲ್ಲ ಸಮಯ ಎಲ್ಲಿಂದ ಬಂತು? ನಾನು 2019ರಲ್ಲಿ ನೋಂದಾಯಿಸಿಕೊಂಡವಳು. ಯುಜಿಸಿ ಲೆಕ್ಕದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. 2025ಕ್ಕೆ ಆರೂ ಮುಗಿದವು. ಅಳುತ್ತಾ ಬಂದ ನನಗೆ ತಾವು ನಗುತ್ತಾ ಹೇಳಿದಿರಿ: ‘ನಿಂಗೇನಮ್ಮಾ ಅವಸರ? ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಕೊಡ್ತಾರೆ.’ ಹೌದು ಸರ್, ಕೊಡುತ್ತಾರೆ. ಬಸಿರು, ಬಾಣಂತನ, ಮನೆ, ಮಕ್ಕಳು ಎಂದು ಹೆಂಗಸಿನ ಹೊತ್ತು ಹೋಗುವುದನ್ನು ಕಂಡು ಯಾರೋ ಪುಣ್ಯಾತ್ಮರು ಬರೆಸಿದ ನಿಯಮ ಅದು. ನನ್ನ ಪಾಲಿನ ಎರಡು ವರ್ಷ ಯಾರ ಹೆರಿಗೆಗೆ ಹೋಯಿತು ಎಂದು ಈಗ ಹೇಳಿದೆನಲ್ಲ. ಅದರ ತೂಕ ಎರಡೂವರೆ ಕೆ.ಜಿ., ರಟ್ಟಿನ ಕವಚ ಸೇರಿ.

ಹಾಗೆಂದು ತಾವು ಎಲ್ಲ ಕಾಲಕ್ಕೂ ನಿಧಾನಿಗಳಲ್ಲ. ತಾವು ಪ್ರೊಫೆಸರ್ ಆಗುವ ಮುಂಚೆ ತಮ್ಮ ವಿದ್ಯಾರ್ಥಿಗಳು ಚಕಚಕನೆ ಮುಗಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಯುಜಿಸಿಯ 2018ರ ನಿಯಮಾವಳಿಯ ಪಟ್ಟಿಯಲ್ಲಿ ಅದರ ಗುಟ್ಟು ಸಿಕ್ಕಿತು: ವಿದ್ಯಾರ್ಥಿ ಮಹಾಪ್ರಬಂಧ ಸಲ್ಲಿಸಿದರೆ ಮಾರ್ಗದರ್ಶಕರ ಖಾತೆಗೆ 5 ಅಂಕ, ಪದವಿ ಬಂದರೆ 10. ಈಗ ತಮಗೆ ಯಾವ ಬಡ್ತಿಯೂ ಬಾಕಿ ಇಲ್ಲ. ನನ್ನ ಹತ್ತು ಅಂಕ ಇಟ್ಟುಕೊಂಡು ತಾವೇನು ಮಾಡುತ್ತೀರಿ! ಪ್ರೊಫೆಸರ್ ಒಬ್ಬರ ಬಳಿ ಏಕಕಾಲಕ್ಕೆ ಎಂಟು ಮಂದಿಯಷ್ಟೇ ಪಿಎಚ್‌ಡಿ ಮಾಡಬಹುದು ಎಂಬ ನಿಯಮವೂ ಇದೆ. ನಾನು ಎದ್ದರೆ ನನ್ನ ಜಾಗಕ್ಕೆ ಹೊಸಬರು ಬರುತ್ತಾರೆ, ಅವರಿಗೆ ಬ್ಯಾಂಕ್ ಎಲ್ಲಿದೆ ಎಂಬಲ್ಲಿಂದ ಹೇಳಿಕೊಡಬೇಕು. ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.

ಮಾರ್ಗದರ್ಶಕರನ್ನು ಬದಲಿಸಿಕೊಳ್ಳಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಹಾಲಿ ಮಾರ್ಗದರ್ಶಕರ ಆಕ್ಷೇಪಣೆ ಇಲ್ಲ ಎಂಬ ಪತ್ರ ಬೇಕು. ಬೋನಿನ ಬೀಗದ ಕೈ ಹುಲಿಯ ಕೊರಳಲ್ಲಿ ಕಟ್ಟಿದ ಹಾಗೆ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಾನು ಪ್ರಗತಿ ವರದಿ ಒಪ್ಪಿಸಬೇಕು. ತಾವು ಎಷ್ಟು ಪುಟ ಓದಿದಿರಿ ಎಂದು ಯಾವ ಸಮಿತಿಯೂ ಕೇಳಿದ್ದನ್ನು ನಾನು ಕಾಣೆ. ಅಷ್ಟೂ ವರದಿಗಳ ಕೆಳಗೆ ತಮ್ಮ ಕೈಬರಹದ ಒಂದೇ ವಾಕ್ಯವಿದೆ, ‘ಪ್ರಗತಿ ತೃಪ್ತಿಕರವಾಗಿದೆ.’ ಯಾರ ಪ್ರಗತಿ ಎಂದು ಬರೆದಿಲ್ಲ.

ಒಂದು ಮಾತು ಮಾತ್ರ ತಮಾಷೆಯಲ್ಲ. ವಿಭಾಗದಲ್ಲಿ ಅರ್ಧ ಹುದ್ದೆ ಖಾಲಿ, ಪಾಠವನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ, ನ್ಯಾಕ್ ಸಮಿತಿ ಬರುತ್ತದೆಂದರೆ ತಾವು ರಾತ್ರಿ ಹನ್ನೊಂದರ ತನಕ ಕಡತ ಜೋಡಿಸುತ್ತಾ ಕೂತದ್ದನ್ನು ಕಂಡಿದ್ದೇನೆ. ತಾವೂ ತಮ್ಮ ಗುರುಗಳ ಸೈಕಲ್ಲಿಗೆ ಗಾಳಿ ಹೊಡೆದು, ಅವರ ಮನೆಯ ರೇಷನ್ ತಂದು ಮೇಲೆ ಬಂದವರಂತೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ತಾವೇ ಹೇಳಿದ್ದಿರಿ, ಹೆಮ್ಮೆಯಿಂದಲ್ಲ. ಮೊನ್ನೆ ನಾನು ಹೊಸದಾಗಿ ಸೇರಿದ ಹುಡುಗಿಗೆ ‘ಸ್ವಲ್ಪ ಜೆರಾಕ್ಸ್ ಮಾಡಿಸ್ಕೊಂಡು ಬಾಮ್ಮಾ’ ಎಂದೆ. ಸ್ವರ ಥೇಟ್ ತಮ್ಮದೇ ಇತ್ತು. ಅವಳು ಎದುರಾಡದೆ ಎದ್ದು ಹೋದಳು. ಈ ಪತ್ರ ಬರೆಯಲು ಕೂತದ್ದು ಅವತ್ತು ರಾತ್ರಿ.

ಈಗ ಕರಡಿಗೆ ಬರುತ್ತೇನೆ. ಕೃತಿಚೌರ್ಯ ತಡೆಯಲು 2018ರಲ್ಲಿ ಬಂದ ನಿಯಮದ ಪ್ರಕಾರ ಶೇ. 10ರವರೆಗೆ ಹೋಲಿಕೆಯಿದ್ದರೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಈ ತಪಾಸಣೆಯಿಂದ ಹೊರಗಿಟ್ಟ ಭಾಗಗಳಲ್ಲಿ ಗ್ರಂಥಸೂಚಿ, ಮುನ್ನುಡಿಗಳ ಜೊತೆ ಕೃತಜ್ಞತೆಯೂ ಸೇರಿದೆ. ಅಂದರೆ ಇಡೀ ಪ್ರಬಂಧದಲ್ಲಿ ಕದಿಯಲು ಪರವಾನಗಿ ಇರುವ ಪುಟ ಇದು. ಮಹಾಪ್ರಬಂಧಗಳನ್ನು ಸೇರಿಸಿಡುವ ಶೋಧಗಂಗಾ ಜಾಲತಾಣದಲ್ಲಿ ಮುಳುಗೆದ್ದವರಿಗೆ ಗೊತ್ತು, ಅಲ್ಲಿನ ಗುರುಗಳೆಲ್ಲ ಮೇರುಗಳೇ, ಅವರೆಲ್ಲರ ಧರ್ಮಪತ್ನಿಯರೂ ಅನ್ನಪೂರ್ಣೆಯರೇ. ಆದ್ದರಿಂದ ಈ ಪುಟವನ್ನೆಲ್ಲ ನಿಶ್ಚಿಂತೆಯಿಂದ ನಕಲು ಮಾಡಿದ್ದೇನೆ. ಒಂದು ವಾಕ್ಯ ಮಾತ್ರ ಸ್ವಂತದ್ದು:

‘ಪ್ರತಿ ಅಧ್ಯಾಯಕ್ಕೂ ನನ್ನ ಪೂಜ್ಯ ಮಾರ್ಗದರ್ಶಕರ ಸೂಕ್ಷ್ಮ ಓದು ಇಲ್ಲದೆಯೇ ಈ ಮಹಾಪ್ರಬಂಧ ಪೂರ್ಣಗೊಂಡಿದೆ.’

ಡಿಟಿಪಿಯವರ ತಪ್ಪಲ್ಲ ಸರ್, ಹಾಗೇ ಇರಲಿ.

ಈ ಪುಟಕ್ಕೆ ತಮ್ಮ ಒಪ್ಪಿಗೆ, ಪ್ರಬಂಧ ಕೃತಿಚೌರ್ಯ ಮುಕ್ತವಾಗಿದೆ ಎಂಬ ಪ್ರಮಾಣಪತ್ರಕ್ಕೆ ತಮ್ಮ ಸಹಿ, ಇವೆರಡು ಬಾಕಿ ಇವೆ. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಇನ್ನೊಂದು ವಿನಂತಿ. ಕಾರನ್ನು ಸರ್ವಿಸಿಗೆ ಬಿಡುವ ಮುಂಚೆ ಡಿಕ್ಕಿಯಲ್ಲಿರುವ ಹಸಿರು ಫೈಲನ್ನು ತೆಗೆದಿಡಿ. ಸ್ಟೆಪ್ನಿಯ ಕೆಳಗಿದೆ, ಹೋದ ತಿಂಗಳು ತಮ್ಮ ಟೈರು ಬದಲಿಸುವಾಗ ನೋಡಿದೆ. ಗ್ರೀಸ್ ತಾಗಿದ್ದರೂ ಅಕ್ಷರಗಳು ಕಾಣುತ್ತವೆ.

ಇತಿ,
ತಮ್ಮ ಎಂಟು ಜನರಲ್ಲಿ ಒಬ್ಬಳು