ಕ್ಷೇತ್ರಪಾಲರು

ತುಮಕೂರಿನ ಬಿ.ಎಚ್. ರಸ್ತೆಗೆ ತಾಗಿದ ಒಂದು ಗಲ್ಲಿಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಆದರೆ ನನ್ನ ಗಿರಾಕಿಗಳಲ್ಲಿ ಹೊನ್ನಾವರ ಕಂಡವರು ಕಡಿಮೆ. ಸಂಜೆ ನಾಲ್ಕಾದರೆ ಗುಬ್ಬಿ ಕಡೆಗೆ ಗಾಡಿ ತಿರುಗಿಸುವವರೇ ಜಾಸ್ತಿ. ಜೆರಾಕ್ಸ್, ಸ್ಪೈರಲ್, ಹಾರ್ಡ್ ಬೈಂಡಿಂಗ್, ಲಗ್ನಪತ್ರಿಕೆ, ಖಾತೆ ಬದಲಾವಣೆಯ ಅರ್ಜಿ ಎಲ್ಲ ಮೊದಲಿನಿಂದ ಇದ್ದವು. 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪಾಲಾಗಿ ನಮ್ಮೂರಿಗೇ ಒಂದು ವಿಶ್ವವಿದ್ಯಾಲಯ ಬಂದಮೇಲೆ ಆ ಪಟ್ಟಿಗೆ ಬಯೋಡೇಟಾ ಸೇರಿತು. ಪಾಲಿಗೆ ಬಂದದ್ದು ಒಂದೇ ಜಿಲ್ಲೆ, ಹತ್ತು ತಾಲ್ಲೂಕು. ಆದರೇನು, ಪಾವಗಡದಿಂದ ಕುಣಿಗಲ್‌ವರೆಗಿನ ಕಾಲೇಜುಗಳ ಮೇಷ್ಟ್ರುಗಳಿಗೆಲ್ಲ ಇದೇ ಪೇಟೆ. ಕಾಲೇಜುಗಳನ್ನು ತೂಗಿ ನೋಡುವ ನ್ಯಾಕ್ ತಂಡ ಬಂದ ವರ್ಷವಂತೂ ನನಗೆ ಎರಡು ದೀಪಾವಳಿ.

ಇಷ್ಟು ವರ್ಷ ಟೈಪ್ ಮಾಡಿ ಮಾಡಿ ನನಗೆ ಒಂದು ತಳಿಯ ಮೇಷ್ಟ್ರು ಚೆನ್ನಾಗಿ ಪರಿಚಯವಾಗಿದ್ದಾರೆ. ಅವರಿಗೆ ಮನಸ್ಸಿನಲ್ಲೇ ಒಂದು ಹೆಸರಿಟ್ಟುಕೊಂಡಿದ್ದೇನೆ: ಕ್ಷೇತ್ರಪಾಲರು. ಇದು ನಾನಲ್ಲವಾ ಎಂದು ಯಾರೂ ಬೆಚ್ಚಬೇಕಾಗಿಲ್ಲ. ನಾಲ್ಕಾರು ಕಾಲೇಜಿನ ಏಳೆಂಟು ಜನರನ್ನು ಒಟ್ಟಿಗೆ ಜೋಡಿಸಿ, ಅಂಚು ಕತ್ತರಿಸಿ, ಮೆರೂನ್ ರಟ್ಟು ಹಾಕಿ ಬೈಂಡ್ ಮಾಡಿದ್ದೇನೆ. ಅದು ನನ್ನ ಕಸುಬು.

ಹೆಸರು ಬಂದದ್ದು ಹೀಗೆ. ಬಯೋಡೇಟಾದಲ್ಲಿ ಹೆಸರು, ವಿದ್ಯಾರ್ಹತೆ, ಅನುಭವ ಎಲ್ಲ ಸರಸರ ಹೇಳಿ ಮುಗಿಸುತ್ತಾರೆ. 'ಆಸಕ್ತಿಯ ಕ್ಷೇತ್ರ' ಎಂಬ ಕಲಮು ಬಂದಾಗ ಮಾತ್ರ ಎಲ್ಲರೂ ಒಂದು ಸಲ ಕಿಟಕಿಯಾಚೆ ನೋಡುತ್ತಾರೆ. ಕ್ಷೇತ್ರ ಎಂಬುದು ನಮ್ಮ ಕಡೆ ಬಹಳ ದುಡಿಯುವ ಪದ. ಹರಕೆ ಹೊತ್ತವರಿಗೆ ಎಡೆಯೂರು ಕ್ಷೇತ್ರ. ವಿಧಾನ ಪರಿಷತ್ತಿನ ಚುನಾವಣೆ ಬಂದರೆ ಆಗ್ನೇಯ ಶಿಕ್ಷಕರ ಕ್ಷೇತ್ರ. ಜಾನಪದದ ಹುಡುಗರು ಟೇಪ್ ರೆಕಾರ್ಡರ್ ಹಿಡಿದು ಕುಣಿಗಲ್ ಕೆರೆ ಏರಿಯ ಮೇಲೆ ಅಜ್ಜಿಯರನ್ನು ಹುಡುಕಿಕೊಂಡು ಹೋದರೆ ಅದು ಕ್ಷೇತ್ರಕಾರ್ಯ. (ಈಗ ಟೇಪ್ ರೆಕಾರ್ಡರ್ ಇಲ್ಲ, ಮೊಬೈಲು. ಅಜ್ಜಿಯರ ಕೈಯಲ್ಲೂ ಮೊಬೈಲು.) ಒಮ್ಮೆ ನಮ್ಮ ಮೇಷ್ಟ್ರು ಆ ಕಲಮಿನ ಮುಂದೆ ತಡವರಿಸಿದಾಗ "ಕ್ಷೇತ್ರ ಏನಂತ ಹಾಕ್ಲಿ ಸಾರ್?" ಎಂದು ಕೇಳಿದೆ. ಅವರ ಮನಸ್ಸು ಎಲ್ಲಿತ್ತೋ, "ಎರಡೂವರೆ ಎಕರೆ" ಎಂದುಬಿಟ್ಟರು.

ಆಮೇಲೆ ನಾಲಿಗೆ ಕಚ್ಚಿಕೊಂಡು "ಶಾಸನಶಾಸ್ತ್ರ ಅಂತ ಹಾಕಪ್ಪ" ಎಂದರು. ಹಾಕಿದೆ. ಆದರೆ ಮೊದಲು ಬಾಯಿಗೆ ಬಂದದ್ದೇ ನಿಜ.

ಎರಡೂವರೆ ಎಕರೆ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಅಡಿಕೆ, ಬದುವಿನ ಸುತ್ತ ತೆಂಗು. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್ ಇರಬಹುದು, ಮೇಷ್ಟ್ರ ಸ್ಕೂಟರಿಗೆ ಮುಕ್ಕಾಲು ಗಂಟೆ. ಆ ಸ್ಕೂಟರಿನ ಮುಂದಿನ ಬುಟ್ಟಿಯಲ್ಲಿ ಅವರ ಎರಡೂ ಜೀವನ ಒಟ್ಟಿಗಿರುತ್ತವೆ: ಮೌಲ್ಯಮಾಪನದ ಉತ್ತರಪತ್ರಿಕೆಯ ಕಟ್ಟು, ಅದರ ಮೇಲೆ ಬೇವಿನ ಹಿಂಡಿಯ ಚೀಟಿ, ಡ್ರಿಪ್ಪಿನ ಒಂದು ಕಪ್ಪು ಪೈಪು, ಅದರ ತೂತಿನಲ್ಲಿ ಕೆಂಪು ಪೆನ್ನು. ಬಿಳಿ ಅಂಗಿಯ ಎಡಮೊಣಕೈ ಹತ್ತಿರ ಬಾಳೆಕರೆ. ಅಡಿಕೆ ಸಸಿಗೆ ನೆರಳಿಗೆಂದು ಬಾಳೆ ಹಾಕಿದವರಿಗೆಲ್ಲ ಈ ಕರೆ ಇರುತ್ತದೆ. ಡಾಕ್ಟರೇಟಿನಂತೆ, ಒಮ್ಮೆ ಹತ್ತಿದರೆ ಹೋಗುವುದಿಲ್ಲ.

ಹಿನ್ನೆಲೆಯ ವಿಚಾರಕ್ಕೆ ಬಂದರೆ ಗುಬ್ಬಿಯವರನ್ನು ಮೀರಿಸುವವರಿಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕೈಗೆ ಬಂದಮೇಲೆ ಅದು ನಾಡೆಲ್ಲ ಸುತ್ತಿತು; 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲ ಆ ಕಂಪನಿಯ ಅನ್ನ ಉಂಡವರು. ಇದರ ಪರಿಣಾಮವಾಗಿ ಗುಬ್ಬಿ ಕಡೆಯ ಯಾವ ಮೇಷ್ಟ್ರನ್ನು ಕೇಳಿದರೂ ಅವರ ತಾತ ಕಂಪನಿಯಲ್ಲಿ ಪರದೆ ಎಳೆದಿರುತ್ತಾರೆ. ನಾನು ಲೆಕ್ಕ ಇಟ್ಟಿದ್ದೇನೆ, ನನ್ನ ಗಿರಾಕಿಗಳಲ್ಲೇ ಹನ್ನೊಂದು ತಾತಂದಿರು ಒಂದೇ ಪರದೆ ಎಳೆದಿದ್ದಾರೆ. ಅಷ್ಟು ಜನ ಎಳೆದಮೇಲೂ ಪರದೆ ಹರಿಯದೆ ಉಳಿದಿದ್ದು ದೊಡ್ಡದು. ನಮ್ಮ ಕ್ಷೇತ್ರಪಾಲರ ತಾತನದು ಸ್ವಲ್ಪ ಮೇಲಿನ ಹುದ್ದೆ, ಆನೆ ಹಿಡಿದವರು. ಆನೆ ರಂಗದಲ್ಲಿ ಮಾಡಬಾರದ್ದನ್ನು ಮಾಡಿದಾಗ ತಾತ ಹೇಗೆ ಸಂಭಾಳಿಸಿದರು ಎಂಬ ಕಥೆ ಪ್ರತಿ ಬ್ಯಾಚಿನ ಎಂ.ಎ. ಹುಡುಗರಿಗೂ ಪಠ್ಯದಷ್ಟೇ ಕಡ್ಡಾಯ.

ಕುಣಿಗಲ್ಲಿನವರ ಧಾಟಿ ಬೇರೆ. ಅಲ್ಲಿರುವುದು ಕುದುರೆ ಫಾರಂ, ಟಿಪ್ಪುವಿನ ಕಾಲದಿಂದ ಬಂದದ್ದು ಎಂಬ ಹೆಗ್ಗಳಿಕೆಯದು. ರೇಸಿನ ಕುದುರೆಗೆ ಒಂದು ಪದ್ಧತಿ ಉಂಟು: ಅದರ ಅಪ್ಪ ಯಾರು, ತಾಯಿ ಯಾರು, ತಾತ ಯಾವ ಡರ್ಬಿ ಗೆದ್ದಿದ್ದ, ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಅದನ್ನು ನೋಡಿಕೊಂಡು ಬೆಳೆದ ಕುಣಿಗಲ್ ಮೇಷ್ಟ್ರು ಹೊಸ ಅಧ್ಯಾಪಕರು ಯಾರೇ ಬರಲಿ ಮೊದಲು ಹಲ್ಲು ನೋಡುವಂತೆ ನೋಡಿ ಕೇಳುತ್ತಾರೆ: "ಯಾರ ಹತ್ರ ಪಿಎಚ್.ಡಿ. ಮಾಡಿದ್ದು?" ಗೈಡಿನ ಹೆಸರು ಹೇಳಿದರೆ ಗೈಡಿನ ಗೈಡು. ಅಲ್ಲಿಂದ ಮೇಲಕ್ಕೆ ಮಾನಸಗಂಗೋತ್ರಿಯೋ ಧಾರವಾಡವೋ ಎಲ್ಲಿಯಾದರೂ ಒಂದು ಹೆಸರಾಂತ ಕುದುರೆ ಸಿಕ್ಕಿದಾಗ ತಲೆಯಾಡಿಸಿ "ಪರವಾಗಿಲ್ಲ, ಒಳ್ಳೆ ಲೈನು" ಎನ್ನುತ್ತಾರೆ. ಹುಡುಗ ಓಡುತ್ತಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಗುಬ್ಬಿ ಮೇಷ್ಟ್ರು, ಕುಣಿಗಲ್ ಮೇಷ್ಟ್ರು ಹದಿನೈದು ವರ್ಷ ಒಂದೇ ಬೈಟು ಕಾಫಿ ಕುಡಿದ ಜೋಡಿ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬಂತು ನೋಡಿ, ಕಾಫಿ ಎರಡಾಯಿತು. ಆ ಕಾಲುವೆ ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೀರನ್ನು ನೇರ ಒಯ್ಯುವಂಥದ್ದು. ನಮಗೆ ಬರಬೇಕಾದ ನೀರು ಪೈಪಿನಲ್ಲಿ ಹೋಗಿಬಿಡುತ್ತದೆ ಎಂದು ಇವರು, ಕಾಗದದ ಮೇಲಿರುವ ನಮ್ಮ ಪಾಲು ಕೆರೆಗೆ ಬರುವುದೇ ಇಲ್ಲ ಎಂದು ಅವರು. 2025ರಲ್ಲಿ ಗುಬ್ಬಿ ಕಡೆ ಕಾಮಗಾರಿಯ ವಿರುದ್ಧ ಜನ ಬೀದಿಗಿಳಿದರಲ್ಲ, ಆ ವಾರ ಇಬ್ಬರೂ ನನ್ನ ಅಂಗಡಿಗೆ ಬೇರೆಬೇರೆ ಹೊತ್ತಿನಲ್ಲಿ ಬಂದು ಮನವಿಪತ್ರ ಟೈಪ್ ಮಾಡಿಸಿಕೊಂಡು ಹೋದರು. ಇಬ್ಬರದ್ದೂ ಮೊದಲ ಪ್ಯಾರಾ ಒಂದೇ, "ಅನ್ನದಾತನ ಹಿತದೃಷ್ಟಿಯಿಂದ" ಎಂದು. ನಾನೂ ಕಾಪಿ ಪೇಸ್ಟ್ ಮಾಡಿ ಇಬ್ಬರ ಹತ್ತಿರವೂ ಪೂರ್ತಿ ದುಡ್ಡು ತಗೊಂಡೆ.

ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುವ ಮೇಷ್ಟ್ರುಗಳೂ ಇದ್ದಾರೆ. ಅವರ ಆಸಕ್ತಿಯ ಕ್ಷೇತ್ರ ಕಿಟಕಿ ಪಕ್ಕದ ಸೀಟು. ಅಷ್ಟು ಸಾಕು.

ಕ್ಷೇತ್ರಪಾಲರನ್ನು ಪೂರ್ಣ ಪ್ರಭೆಯಲ್ಲಿ ನೋಡಬೇಕಾದರೆ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಹೋಗಬೇಕು. ಅದಕ್ಕೆ ಯಾರು ಬೇಕಾದರೂ ಹೋಗಬಹುದು. ನಾನು ಪ್ರಬಂಧದ ಪ್ರತಿಗಳನ್ನು ತಲುಪಿಸಲು ಹೋಗಿ ಉಪ್ಪಿಟ್ಟಿನವರೆಗೂ ಕೂರುತ್ತೇನೆ. ಒಂದು ಸಲ ಗುಬ್ಬಿ ಮೇಷ್ಟ್ರ ಸಂಶೋಧನೆಯ ಹುಡುಗನದೇ ವೈವಾ. ವಿಷಯ ಗುಬ್ಬಿ ತಾಲ್ಲೂಕಿನ ಕೆರೆಗಳು, 'ಒಂದು ಚಾರಿತ್ರಿಕ ಅಧ್ಯಯನ'. ('ಒಂದು ಅಧ್ಯಯನ' ಎಂಬುದನ್ನು ನಾನು ಒಂದೇ ಕೀಲಿಗೆ ಕಟ್ಟಿಟ್ಟಿದ್ದೇನೆ, 'ತುಮಕೂರು ಜಿಲ್ಲೆಯನ್ನು ಅನುಲಕ್ಷಿಸಿ' ಎಂಬುದನ್ನು ಇನ್ನೊಂದಕ್ಕೆ. ಜಾಗತೀಕರಣವಾಗಲಿ ಸ್ತ್ರೀವಾದವಾಗಲಿ, ಈ ಎರಡು ಕೀಲಿ ಒತ್ತಿದರೆ ನಮ್ಮ ಜಿಲ್ಲೆಗೆ ಇಳಿಯುತ್ತದೆ.) ಹೊರಗಿನ ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು, ಕನ್ನಡಕ ಮೂಗಿನ ತುದಿಯಲ್ಲಿ. ಹುಡುಗ ತೂಬು, ಕೋಡಿ, ಬಿತ್ತುವಟ್ಟ ಎಂದು ಚೆನ್ನಾಗಿಯೇ ಹೇಳುತ್ತಿದ್ದ. ಕೆರೆ ಕಟ್ಟಿಸಿದವರು ಹೂಳೆತ್ತುವುದಕ್ಕೂ ಭೂಮಿ ಬಿಟ್ಟಿದ್ದರು ಎನ್ನುವಲ್ಲಿಗೆ ಬಂದಿದ್ದ. ಆಗ ಮೇಷ್ಟ್ರ ಜೇಬಿನಿಂದ ಒಬ್ಬ ಹೆಣ್ಣುಮಗಳು ಸ್ಪಷ್ಟ ಕನ್ನಡದಲ್ಲಿ ಹೇಳಿದಳು:

"ತ್ರೀ ಫೇಸ್ ವಿದ್ಯುತ್ ಬಂದಿದೆ. ನಿಮ್ಮ ಮೋಟಾರ್ ಆನ್ ಆಗಿದೆ."

ಮೊಬೈಲ್ ಸ್ಟಾರ್ಟರ್. ತೋಟದ ಪಂಪ್‌ಸೆಟ್ಟಿಗೆ ಸಿಮ್ ಹಾಕಿದ್ದಾರೆ. ಕರೆಂಟು ಬಂದಾಗ ಅದೇ ಫೋನ್ ಮಾಡುತ್ತದೆ. ಮೇಷ್ಟ್ರು ಜೇಬು ಒತ್ತಿಕೊಂಡು ಕೂತರು. ಹುಡುಗ ಮುಂದುವರಿಸಿದ: ಕೆರೆ ತುಂಬಿದ್ದರೆ ಸುತ್ತಿನ ಬಾವಿಗಳಲ್ಲೂ ನೀರು ನಿಲ್ಲುತ್ತಿತ್ತು, ಆದ್ದರಿಂದ ಅಂತರ್ಜಲ...

"ಡ್ರೈ ರನ್. ನೀರು ಇಲ್ಲ. ನಿಮ್ಮ ಮೋಟಾರ್ ಆಫ್ ಆಗಿದೆ."

ಸಭೆ ನಗಲೂ ಹೆದರಿತು. ಮೇಷ್ಟ್ರ ಮುಖ ಕೊಯ್ದ ಬಾಳೆಯಂತೆ ಇಳಿಯಿತು. ವೈವಾ ಹಾಳಾಯಿತೆಂದಲ್ಲ, ಬೋರು ಹೋಯಿತೆಂದು. ಪರೀಕ್ಷಕರು ಕನ್ನಡಕ ತೆಗೆದರು.

"ಎಷ್ಟ ಅಡಿ ಅದ ರೀ ನಿಮ್ಮ ಬೋರು?"

"ಎಂಟುನೂರ ಎಂಬತ್ತು ಸಾರ್."

"ಕೇಸಿಂಗ್ ಎಷ್ಟ ಇಳಿಸೀರಿ?"

ಹತ್ತು ನಿಮಿಷ ಅದೇ ನಡೆಯಿತು. ಪರೀಕ್ಷಕರದ್ದೂ ನವಲಗುಂದದ ಕಡೆ ಎರೆಹೊಲವಂತೆ, ಕಡಲೆ ಬಿತ್ತುವವರು. ಆಮೇಲೆ ಅವರು ಹುಡುಗನ ಕಡೆ ತಿರುಗಿ ಕೇಳಿದರು: "ತಮ್ಮಾ, ಪ್ರಬಂಧ ಛಲೋ ಅದ. ನಂದು ಒಂದ ಪ್ರಶ್ನೆ. ನಿನ್ನ ಕೆರಿ ತುಂಬಿದ್ದ ಕಾಲಕ್ಕ ನಿಮ್ಮ ಸರ್ ತ್ವಾಟದಾಗ ಬಾವಿ ಎಷ್ಟ ಅಡಿ ಇತ್ತು?" ಹುಡುಗನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಹೇಳಿದರು, "ನಮ್ಮಪ್ಪ ಮೂವತ್ತಡಿಗೆ ಏತ ಕಟ್ಟಿದ್ರು ಸಾರ್." ನಾನು ಕೂತ ವೈವಾಗಳಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದು ಕೇಳಿಲ್ಲ. ಸಂಜೆ ಪರೀಕ್ಷಕರ ಕಾರಿನ ಡಿಕ್ಕಿಯಲ್ಲಿ ಒಂದು ಗೊನೆ ಎಳನೀರು, ಎರಡು ತೆಂಗಿನ ಸಸಿ ಹೋದವು. ಎರೆಹೊಲದಲ್ಲಿ ಅವು ಏನಾದವೋ.

ಮೇಷ್ಟ್ರಿಗೆ ಓದು ಬರುವುದಿಲ್ಲ ಎಂದುಕೊಳ್ಳಬೇಡಿ. ಕಡಬದ ತಾಮ್ರಪಟ, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು, ಅದರ ಬಗ್ಗೆ ಮಾತು ತೆಗೆದರೆ ಕಾಫಿ ಆರುತ್ತದೆ. ದಾನಶಾಸನಗಳ ಗದ್ದೆ, ಬೆದ್ದಲು, ತೋಟ ಎಂಬ ಲೆಕ್ಕವನ್ನು ತಮ್ಮ ಪಹಣಿಯಷ್ಟೇ ಸಲೀಸಾಗಿ ಹೇಳುತ್ತಾರೆ. ಶಾಸನದ ಕೊನೆಗೆ ಶಾಪ ಬರುತ್ತದಲ್ಲ, ಈ ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ ಎಂದು, ಅದನ್ನು ನನ್ನ ಹತ್ತಿರ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ ತೋಟದ ಬೇಲಿಗೆ ಕಟ್ಟಿದ್ದಾರೆ. ಬೇಲಿ ಮುರಿಯುತ್ತಿರುವುದು ಪಕ್ಕದ ತೋಟದ ಹಸುವೇ ಆದ್ದರಿಂದ ಶಾಪ ಯಾರಿಗೆ ತಾಗಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ತೊಂದರೆ ಸಂಶೋಧನೆಯ ಹುಡುಗರಿಗೆ. ಅಧ್ಯಾಯ ಕೊಟ್ಟರೆ ಮೂರು ತಿಂಗಳು ಸ್ಕೂಟರಿನ ಬುಟ್ಟಿಯಲ್ಲಿ ಗುಬ್ಬಿಗೂ ತುಮಕೂರಿಗೂ ಓಡಾಡುತ್ತದೆ. ಅದಕ್ಕೆ ನಾನೇ ಒಂದು ಉಪಾಯ ಹೇಳಿಕೊಡುತ್ತಾ ಬಂದಿದ್ದೇನೆ: ಅಧ್ಯಾಯದ ಜೊತೆ ಒಂದು ಹಳದಿ ತಿರುಗಿದ ಅಡಿಕೆ ಸೋಗೆ ತಗೊಂಡು ಹೋಗು, "ಸಾರ್, ನಮ್ಮ ತೋಟದಲ್ಲಿ ಹಿಂಗಾಗಿದೆ" ಅನ್ನು. ಅವರು ಸೋಗೆಯನ್ನು ಬೆಳಕಿಗೆ ಹಿಡಿದು, ಅಣಬೆ ರೋಗವೋ ಹಿಡಿಮುಂಡಿಗೆಯೋ ಎಂದು ಅರ್ಧ ಗಂಟೆ ಪಾಠ ಮಾಡಿ, ಬುಡಕ್ಕೆ ಏನು ಹಾಕಬೇಕೆಂದು ಬರೆದುಕೊಟ್ಟು, ಆ ಖುಷಿಯಲ್ಲಿ ಅಧ್ಯಾಯಕ್ಕೂ ಸಹಿ ಹಾಕುತ್ತಾರೆ. ಓದುವುದಿಲ್ಲ. ಹುಡುಗರಿಗೂ ಅದೇ ಬೇಕು. ತೋಟ ಇಲ್ಲದವರಿಗೆಂದು ಅಂಗಡಿಯ ಮೂಲೆಯಲ್ಲಿ ನಾಲ್ಕು ಸೋಗೆ ಇಟ್ಟಿರುತ್ತೇನೆ, ಬೈಂಡಿಂಗ್ ಗಿರಾಕಿಗಳಿಗೆ ಫ್ರೀ.

ಹೋದ ತಿಂಗಳು ಪಾವಗಡದ ಹುಡುಗಿ ಒಬ್ಬಳು ಬಂದಳು. ನಿಡಗಲ್ಲಿನ ಶಾಸನಗಳ ಮೇಲೆ ಮಾಡುತ್ತಿದ್ದಾಳೆ, ಮೂರನೇ ಅಧ್ಯಾಯ ಮುಗಿದಿದೆ. ಸೋಗೆ ಕೊಡಲು ಹೋದರೆ, "ನಮ್ಮ ಕಡೆ ಅಡಿಕೆ ಎಲ್ಲಿದೆ ಅಣ್ಣ, ಸುಳ್ಳು ಅಂತ ಗೊತ್ತಾಗಲ್ವಾ" ಎಂದು ಮನೆಯ ಹೊಲದಿಂದ ಬೇರು ಸಮೇತ ಕಿತ್ತು ತಂದಿದ್ದ ಒಂದು ಕಡಲೆಕಾಯಿ ಗಿಡವನ್ನೇ ಹಿಡಿದುಕೊಂಡು ಹೋದಳು. ಮೇಷ್ಟ್ರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರಂತೆ. ಎಲೆ ಮೂಸಿದರಂತೆ. ಕೊನೆಗೆ ಮೇಜಿನ ಮೇಲಿಟ್ಟು, "ಇದು ನನ್ನ ಕ್ಷೇತ್ರ ಅಲ್ಲಮ್ಮ. ಅಧ್ಯಾಯ ಕೊಡು ನೋಡಾಣ" ಅಂದರಂತೆ.

ನಾಲ್ಕನೇ ದಿನ ಅಧ್ಯಾಯ ವಾಪಸು ಬಂತು. ನಲವತ್ತೆರಡು ಪುಟ, ಒಂದರಲ್ಲೂ ಕೆಂಪು ಶಾಯಿ ತಪ್ಪಿರಲಿಲ್ಲ. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಶಾಸನಮಾಲೆಯ 12ನೇ ಸಂಪುಟದ ಶಾಸನಸಂಖ್ಯೆಯನ್ನೂ ಪರಿಷ್ಕೃತ ಆವೃತ್ತಿಯ ಸಂಖ್ಯೆಯನ್ನೂ ಹುಡುಗಿ ಕಲಸಿಬಿಟ್ಟಿದ್ದಳು. ಒಂದೊಂದನ್ನೂ ಬಿಡಿಸಿ ಅಂಚಿನಲ್ಲಿ ಬರೆದಿದ್ದರು. ಶಕವರ್ಷದ ಲೆಕ್ಕ ತಪ್ಪಿದ ಕಡೆ ಸರಿಮಾಡಿದ್ದರು. ಎರಡು ಕಡೆ "ಚೆನ್ನಾಗಿದೆ" ಎಂದೂ ಇತ್ತು. ಹುಡುಗಿ ಅಳುವುದೋ ನಗುವುದೋ ತಿಳಿಯದೆ ಸ್ಟೂಲಿನ ಮೇಲೆ ಕೂತು ಹಾಳೆ ತಿರುವುತ್ತಿದ್ದಳು, ನಾನು ಮೊದಲನೇ ಪುಟದಿಂದ ಮತ್ತೆ ಟೈಪ್ ಮಾಡತೊಡಗಿದೆ.

ಕೊನೆಯ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಒಂದು ಲೆಕ್ಕ: 1,350 ಗಿಡ, ಗಿಡಕ್ಕೆ 2 ಕೆ.ಜಿ. ಹಿಂಡಿ, ಒಟ್ಟು 2,700. ಅದರ ಕೆಳಗೆ ಎರಡು ಗೆರೆ.

"ಅಣ್ಣ," ಅಂದಳು, "ಇದೂ ಅಡಿಟಿಪ್ಪಣಿಗೆ ಹಾಕ್ಬೇಕಾ?"