ಬದುವಿಗೆ ಹೋದ ಎರಡು

ರಾವಂದೂರಿನ ಸುತ್ತಮುತ್ತ ಶ್ರಾವಣ ಹತ್ತಿರವಾಯಿತೆಂದರೆ ರಾತ್ರಿಯ ನಿದ್ದೆ ಸರದಿಯ ಮೇಲೆ ಸಿಗುವ ಪದಾರ್ಥ. ಹೊಲದಿಂದ ಮುರಿದು ತಂದ ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಹದ ಮಾಡುವ ಮನೆಗೆ, ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಶಾಖ, ಆಮೇಲೆ ಬಣ್ಣ ನಿಲ್ಲುವಷ್ಟು, ಕೊನೆಗೆ ನಡುದಂಟು ಒಣಗುವಷ್ಟು. ಅವಸರಪಟ್ಟು ಸೌದೆ ತುರುಕಿದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜಿನಲ್ಲಿ ದರ ಬೀಳುತ್ತದೆ. ಹೀಗೆ ಕಾಯುವವನಿಗೆ ಕಣ್ಣು ಅಂಟದಿರಲು ಏನಾದರೊಂದು ಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಮೊಬೈಲು. ನನ್ನ ಪಾಲಿಗೆ ಬಂದದ್ದು ಸಿಸಿಎನ್‌ಎ.

ಓದುವವಳು ನಾನಲ್ಲ, ಅಕ್ಕನ ಮಗಳು. ಡಿಗ್ರಿ ಮುಗಿಸಿದ್ದಾಳೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಸಿಗಬೇಕಾದರೆ ಈ ಸರ್ಟಿಫಿಕೇಟು ಇದ್ದರೆ ಒಳ್ಳೆಯದಂತೆ. ಸಿಸ್ಕೋ ಕಂಪನಿ 1998ರಲ್ಲಿ ಶುರುಮಾಡಿದ ಪರೀಕ್ಷೆ. ಈಗಿನ ರೂಪದಲ್ಲಿ ಎರಡು ಗಂಟೆ ಹೊತ್ತು. ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ. ಶುಲ್ಕ 300 ಡಾಲರ್ ಎಂದಾಗ ಅಕ್ಕ ಎದೆ ಹಿಡಿದುಕೊಂಡಳು. ನಾನು ಹಿಡಿದುಕೊಳ್ಳಲಿಲ್ಲ. ನಮ್ಮ ಸೊಪ್ಪು ಹಡಗು ಹತ್ತಿದ ಮೇಲೆ ಅದರ ಬೆಲೆಯನ್ನೂ ಡಾಲರಿನಲ್ಲೇ ಎಣಿಸುತ್ತಾರೆ. ಬಂದ ದಾರಿಯಲ್ಲೇ ಒಂದಿಷ್ಟು ವಾಪಸು ಹೋಗಲಿ ಬಿಡು ಎಂದೆ.

ಬೆಂಕಿಯ ಮುಂದೆ ಕೂತು ಚೀಟಿ ನೋಡಿ ಪ್ರಶ್ನೆ ಕೇಳುವುದು ನನ್ನ ಕೆಲಸ. ಚೀಟಿ ಎಂದರೆ ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕಾಗಿ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಅವಳು ಬರೆದುಕೊಂಡದ್ದು. ಒಂದು ಮಗ್ಗುಲಲ್ಲಿ ಅರಿಶಿನ ಹಚ್ಚಿದ ಗಣಪತಿಯ ಅರ್ಧ ಸೊಂಡಿಲು, ಇನ್ನೊಂದು ಮಗ್ಗುಲಲ್ಲಿ 443 ಎಂಬ ಪೋರ್ಟ್ ಸಂಖ್ಯೆ.

"53?"

"ಡಿಎನ್‌ಎಸ್."

"22?"

"ಎಸ್‌ಎಸ್‌ಎಚ್."

"23?"

"ಟೆಲ್ನೆಟ್. ಅದನ್ನ ಬಳಸಬಾರದು ಮಾವ, ಪಾಸ್‌ವರ್ಡು ಬಟಾಬಯಲಲ್ಲೇ ಹೋಗುತ್ತೆ."

"ಬಳಸಬಾರದ್ದನ್ನ ಯಾಕೆ ಬಾಯಿಪಾಠ ಮಾಡ್ತೀಯ?"

"ಪರೀಕ್ಷೇಲಿ ಕೇಳ್ತಾರಲ್ಲ."

ಈ ಉತ್ತರಕ್ಕೆ ಎದುರುತ್ತರ ನನ್ನ ಕಾಲದ ಪರೀಕ್ಷೆಗಳಲ್ಲೂ ಇರಲಿಲ್ಲ.

ನೆಟ್‌ವರ್ಕಿನ ಕೆಲಸವನ್ನು ವಿಂಗಡಿಸುವ ಓಎಸ್‌ಐ ಎಂಬ ಏಳು ಪದರಗಳ ಕಥೆಯೂ ಇಂಥದ್ದೇ. ಕೆಳಗೆ ತಂತಿ, ಅಂದರೆ ಫಿಸಿಕಲ್, ಅದರ ಮೇಲೆ ಡೇಟಾಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಷನ್, ತುದಿಯಲ್ಲಿ ಅಪ್ಲಿಕೇಷನ್. ಇದು ಅಂತಾರಾಷ್ಟ್ರೀಯ ಮಾನಕವಾಗಿ ಹೊರಬಂದದ್ದು 1984ರಲ್ಲಿ. ಅಷ್ಟರಲ್ಲಾಗಲೇ, 1983ರ ಜನವರಿ 1ರಂದು, ಇಂಟರ್‌ನೆಟ್ಟಿನ ತಾಯಿಯಾದ ಅರ್ಪಾನೆಟ್ ಟಿಸಿಪಿ-ಐಪಿಗೆ ಬದಲಾಗಿ ಸಂಸಾರ ಹೂಡಿತ್ತು. ಲೋಕ ಇವತ್ತಿಗೂ ನಡೆಯುವುದು ಅದರ ಮೇಲೆ. ಮಕ್ಕಳು ಉರುಹಚ್ಚುವುದು ಈ ಏಳು ಪದರಗಳನ್ನು. ಏಳರ ಕ್ರಮ ನೆನಪಿಟ್ಟುಕೊಳ್ಳಲು ಪುಸ್ತಕದಲ್ಲಿ ಪಿಜ್ಜಾ, ಸಾಸೇಜು ಎಂದು ಏನೋ ಒಂದು ಇಂಗ್ಲಿಷ್ ವಾಕ್ಯವಿತ್ತು. ಅದು ನಾಲಿಗೆಗೂ ಹತ್ತಲಿಲ್ಲ, ತಲೆಗೂ ಹತ್ತಲಿಲ್ಲ. ಅವಳೇ ಒಂದು ಕಟ್ಟಿದಳು: "ಪಕ್ಕದವನು ದಿನಾ ನಮ್ಮ ತೋಟದ ಸೀಬೆ ಪೂರಾ ಆರಿಸ್ತಾನೆ." ಅಕ್ಷರಗಳು ಲೆಕ್ಕಕ್ಕೆ ಸರಿಯಾಗಿ ಕೂತವು. ಆದರೆ ನಡುರಾತ್ರಿ ಇದನ್ನು ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದ್ದರಿಂದ ಬೇಲಿಯಾಚೆಯ ಬ್ಯಾರನ್ನಿನವರು ನಮ್ಮೊಡನೆ ಸ್ವಲ್ಪ ದಿನ ಮಾತು ಬಿಟ್ಟಿದ್ದರು.

ಇಡೀ ಓದಿನಲ್ಲಿ ಹೆಚ್ಚು ಹೆದರಿಸುವುದು ಸಬ್‌ನೆಟ್ಟಿಂಗ್. ನಮ್ಮಪ್ಪನಿಗೆ ಮಾತ್ರ ಅದು ಒಂದೇ ಏಟಿಗೆ ಅರ್ಥವಾಯಿತು. ಅವಳು ನನಗೆ ವಿವರಿಸುತ್ತಿದ್ದಳು: ಒಂದು ನೆಟ್‌ವರ್ಕಿನಲ್ಲಿ 256 ವಿಳಾಸ ಇವೆ, ನಾಲ್ಕು ಪಾಲು ಮಾಡಿದರೆ ತಲಾ 64, ಆದರೆ ಪ್ರತಿ ಪಾಲಿನ ಮೊದಲನೆಯದು ಆ ಪಾಲಿನ ಹೆಸರಿಗೆ, ಕೊನೆಯದು ಪಾಲಿನವರನ್ನೆಲ್ಲ ಒಟ್ಟಿಗೆ ಕೂಗುವುದಕ್ಕೆ, ಯಂತ್ರಗಳಿಗೆ ಸಿಗುವುದು 62. ಹಗ್ಗದ ಮಂಚದಲ್ಲಿ ಮಲಗಿದ್ದ ಅಪ್ಪ ಮಗ್ಗುಲು ಬದಲಿಸಿ, "ಎರಡು ಬದುವಿಗೆ ಹೋಯ್ತು ಅನ್ನು" ಅಂದರು. ಅಷ್ಟಕ್ಕೇ ಬಿಡಲಿಲ್ಲ. "ಒಟ್ಟಿಗಿದ್ದಾಗ ಎರಡೇ ಹೋಗ್ತಿತ್ತು, ಈಗ ಎಂಟು ಹೋಯ್ತು. ಅದಕ್ಕೇ ನಾನು ಪಾಲು ಬೇಡ ಅಂತ ಬಡ್ಕೊಂಡಿದ್ದು." ನನಗೂ ನನ್ನ ತಮ್ಮನಿಗೂ ಜಮೀನು ಹಂಚಿಕೆಯಾದಾಗಿನಿಂದ ಅವರ ಹೊಟ್ಟೆಯಲ್ಲಿದ್ದ ಮಾತು, ಸಿಸ್ಕೋ ಕೃಪೆಯಿಂದ ಹೊರಗೆ ಬಂತು. ನಾನು ಎದ್ದು ಒಲೆಗೆ ಸೌದೆ ಹಾಕಲು ಹೋದೆ.

ಜಗತ್ತಿನ ಒಟ್ಟು ಲೆಕ್ಕವೂ ಇದೇ ದಾರಿ ಹಿಡಿಯಿತು. ಹಳೆಯ ಐಪಿ ಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸ. 1981ರಲ್ಲಿ ಅದನ್ನು ಬರೆದಿಟ್ಟವರಿಗೆ ಅದು ಮುಗಿಯದ ಬಯಲು. ಕೇಂದ್ರ ಉಗ್ರಾಣದಲ್ಲಿದ್ದ ಕೊನೆಯ ಕಂತನ್ನು 2011ರ ಫೆಬ್ರುವರಿಯಲ್ಲಿ ಹಂಚಿ ಕೈ ಒದರಿದರು. ಹಾಗಾಗಿ ಈಗ ಮನೆಯಲ್ಲಿ ಎಷ್ಟು ಮೊಬೈಲಿದ್ದರೂ ಒಳಗೆ 192.168 ಎಂದು ಏನೋ ಒಂದು ಕರೆದುಕೊಂಡು, ಹೊರಗೆ ಯಜಮಾನನ ಒಂದೇ ಹೆಸರಿನಲ್ಲಿ ವ್ಯವಹಾರ.

ಅಭ್ಯಾಸಕ್ಕೆಂದು ರೂಟರ್, ಸ್ವಿಚ್ಚು ಕೊಳ್ಳುವ ಶಕ್ತಿ ಯಾರಿಗಿದೆ? ಅದಕ್ಕೆ ಪ್ಯಾಕೆಟ್ ಟ್ರೇಸರ್ ಎಂಬ ಪುಕ್ಕಟೆ ತಂತ್ರಾಂಶ ಉಂಟು. ಪರದೆಯ ಮೇಲೆಯೇ ಪೆಟ್ಟಿಗೆ ಇಟ್ಟು ವೈರು ಎಳೆಯಬಹುದು. ಎಳೆದ ತಕ್ಷಣ ಸ್ವಿಚ್ಚಿನ ತುದಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕಿ. ಅರ್ಧ ನಿಮಿಷ ಕಾದರೆ ಹಸಿರು. ಆ ಅರ್ಧ ನಿಮಿಷದಲ್ಲಿ ಸ್ವಿಚ್ಚುಗಳು, ಸುದ್ದಿ ಹೋದ ದಾರಿಯಲ್ಲೇ ಸುತ್ತಿ ಸುತ್ತಿ ಬಂದು ಎಲ್ಲವನ್ನೂ ಮುಳುಗಿಸದಂತೆ, ಯಾವ ದಾರಿ ಮುಚ್ಚಬೇಕೆಂದು ತಮ್ಮತಮ್ಮಲ್ಲೇ ತೀರ್ಮಾನಿಸುತ್ತವೆ. 1985ರಲ್ಲಿ ಈ ಉಪಾಯ ಕಂಡುಹಿಡಿದ ರೇಡಿಯಾ ಪರ್ಲ್‌ಮನ್ ಅದರ ಮೇಲೆ ಒಂದು ಪದ್ಯವನ್ನೂ ಬರೆದಳಂತೆ. ಬ್ಯಾರನ್ನಿನೊಳಗೆ ಹಸಿರು ಹಳದಿಯಾಗುವುದನ್ನು ನಾನು ಕಾಯುತ್ತಿದ್ದೆ, ಹೊರಗೆ ಕಿತ್ತಳೆ ಹಸಿರಾಗುವುದನ್ನು ಅವಳು.

ಪರೀಕ್ಷೆಯನ್ನು ಮನೆಯಿಂದಲೇ ಬರೆಯುವ ಅನುಕೂಲವೂ ಇದೆ. ನಿಯಮ ಓದಿದೆವು. ಕೋಣೆಯ ನಾಲ್ಕು ದಿಕ್ಕಿನ ಫೋಟೋ ಕಳಿಸಬೇಕು, ಮೇಜಿನ ಮೇಲೆ ಏನೂ ಇರಕೂಡದು, ಎರಡು ಗಂಟೆ ಯಾರೂ ಒಳಗೆ ಬರಕೂಡದು. ನಮ್ಮ ಮನೆಯಲ್ಲಿ ಯಾರೂ ಬಾರದ ಕೋಣೆ ದೇವರಿಗೂ ಇಲ್ಲ. ಕೋಳಿಗೆ ಇಂಗ್ಲಿಷ್ ನಿಯಮ ಓದಿ ಹೇಳುವವರಾರು? ಕೇಂದ್ರಕ್ಕೆ ಹೋಗಿ ಬರೆಯುವುದೆಂದಾಯಿತು.

ಪಾಸಾಗುತ್ತಾಳೋ ಇಲ್ಲವೋ, ಓದಿನಿಂದ ಒಂದು ಗುಣ ಅವಳಿಗೆ ಅಂಟಿದೆ: ಏನು ಕೆಟ್ಟರೂ ಕೆಳಗಿನ ಪದರದಿಂದ ನೋಡುತ್ತಾ ಬರುವುದು. ನಮ್ಮ ನಾಡಿನಲ್ಲಿ ಅಕ್ಕಿಗೆ ಹೆಬ್ಬೆಟ್ಟು ಒತ್ತುವಲ್ಲಿಂದ ಪಹಣಿ ತೆಗೆಸುವಲ್ಲಿಯವರೆಗೆ ಎಲ್ಲ ಕಿಟಕಿಗಳಲ್ಲೂ ಸಿಗುವ ಉತ್ತರ ಒಂದೇ, "ಸರ್ವರ್ ಇಲ್ಲ." ಆ ಸರ್ವರನ್ನು ಕಂಡವರಿಲ್ಲ, ಕಂಡವರಿಲ್ಲದ್ದರಿಂದಲೇ ಅದರ ಮೇಲೆ ತಪ್ಪು ಹೊರಿಸುವುದು ಸುಲಭ. ಮೊನ್ನೆ ಅಂಥದೊಂದು ಕಿಟಕಿಯ ಮುಂದೆ ಸಾಲು ಕರಗುವ ಲಕ್ಷಣವೇ ಇರಲಿಲ್ಲ. ಇವಳು ಬಗ್ಗಿ, "ಅಣ್ಣ, ಆ ಪೆಟ್ಟಿಗೆಯ ಲೈಟು ಉರೀತಿದೆಯಾ?" ಎಂದು ಕೇಳಿದಳು. ಉರಿಯುತ್ತಿರಲಿಲ್ಲ. ಅದರ ಪ್ಲಗ್ಗು ಕಿತ್ತು ಯಾರೋ ಮೊಬೈಲು ಚಾರ್ಜಿಗೆ ಹಾಕಿದ್ದರು. ಪ್ಲಗ್ಗು ಸ್ವಸ್ಥಾನ ಸೇರಿ ಸಾಲು ಮುಂದೆ ಸರಿಯಿತು. ಸಾಲಿನಲ್ಲಿದ್ದವರೆಲ್ಲ ಅವಳನ್ನು ಹೊಗಳಿದರು. ಒಳಗಿದ್ದವರು ಮಾತ್ರ, ಚಹಾಕ್ಕೆಂದು ಎದ್ದಿದ್ದವರು ಮತ್ತೆ ಕೂರಬೇಕಾಯಿತಲ್ಲ ಎಂಬ ಮುಖದಲ್ಲಿ, "ನಿನಗೆ ಬೆಂಗಳೂರಲ್ಲಿ ಬೇಗ ಕೆಲಸ ಸಿಗಲಮ್ಮ" ಎಂದು ಹರಸಿದರು.