ಚೀಲ ಬಾಯಿ ಬಿಟ್ಟಾಗ

ಬೆಂಗಳೂರಿನಲ್ಲಿ ಅತಿ ಹೆಚ್ಚು ಮನೆಗಳ ಬಾಗಿಲು ನೋಡಿರುವವರು ಯಾರು? ಪೋಸ್ಟ್‌ಮ್ಯಾನ್ ಅಲ್ಲ, ವೋಟು ಕೇಳಲು ಬರುವವರಂತೂ ಅಲ್ಲವೇ ಅಲ್ಲ. ಡೆಲಿವರಿ ಹುಡುಗರ ಬೆನ್ನ ಮೇಲೆ ಕೂತು ಊರು ಸುತ್ತುವ ಆ ಚೌಕಾಕಾರದ ಚೀಲ. ಯಾರ ಮನೆಗೆ ರಾತ್ರಿ ಹನ್ನೊಂದರ ಮೇಲೆ ಐಸ್‌ಕ್ರೀಮ್ ಬೇಕು, ಯಾವ ಮನೆಯ ಯಜಮಾನರು ಡಯಟ್ ಎಂದು ಹೇಳಿ ಗೇಟಿನ ತನಕ ಬಂದು ಕಬಾಬ್ ಇಸಿದುಕೊಳ್ಳುತ್ತಾರೆ, ಎಲ್ಲವೂ ಅದಕ್ಕೆ ಗೊತ್ತು.

ವಿಜಯನಗರದ ಒಂದು ದರ್ಶಿನಿಯ ಎದುರು ಈ ಸಂದರ್ಶನ ನಡೆಯಿತು. ಚೀಲ ಹೊತ್ತ ಹುಡುಗ ಕೊಪ್ಪಳದ ಕಡೆಯವನು. ಸ್ಕೂಟರಿನ ಮೇಲೆ ಕೂತು ಮೊಬೈಲಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ನೋಡುತ್ತಿದ್ದ. “ಮಾತಾಡ್ಸ್ರೀ ಸರ, ಆರ್ಡರ್ ರೆಡಿ ಆಗಾಕ ಇನ್ನೂ ಟೈಮ್ ಐತಿ” ಎಂದು ಒಪ್ಪಿಗೆ ಕೊಟ್ಟ. ಯಾವ ಕಂಪನಿಯ ಚೀಲವೆಂದು ಬರೆಯಬಾರದು ಎಂಬ ಷರತ್ತಿನ ಮೇಲೆ ಚೀಲ ಬಾಯಿ ಬಿಟ್ಟಿತು. ಜಿಪ್ ಕೆಟ್ಟಿದ್ದರಿಂದ ಆಮೇಲೆ ಮುಚ್ಚಲಿಲ್ಲ.

ನಾನು: ನಮಸ್ಕಾರ. ಮೊದಲು ನಿಮ್ಮ ಪರಿಚಯ ಹೇಳಿ.

ಚೀಲ: ಹೊರಗೆ ಕಂಪನಿ ಬಣ್ಣ, ಒಳಗೆ ಬೆಳ್ಳಿ ಹಾಳೆ, ತಳದಲ್ಲಿ ಯಾವತ್ತೋ ಚೆಲ್ಲಿದ ಸಾಂಬಾರ್. ಇಷ್ಟೇ ಸಾರ್ ನಾನು. ನಮ್ಮ ವಂಶದ ಒಂದು ಕವಲು ಈ ಊರಿಂದೇ. ಸ್ವಿಗ್ಗಿ ಶುರುವಾಗಿದ್ದು 2014ರಲ್ಲಿ, ಕೋರಮಂಗಲದಲ್ಲಿ. ಜೊಮ್ಯಾಟೊ ಅದಕ್ಕಿಂತ ಹಳೇದು, 2008ರಿಂದ ಇದೆ. ಆದ್ರೆ ಮೊದಲು ಬರೀ ಹೋಟೆಲುಗಳ ಮೆನು ತೋರಿಸ್ತಿತ್ತು, ಊಟ ಹೊರೋಕೆ ಇಳಿದಿದ್ದು 2015ರಲ್ಲಿ. ನಡುವೆ ಬಂದು ಹೋದವರೂ ಇದ್ದಾರೆ. ನಮ್ಮ ಚಿಕ್ಕಪ್ಪ ಊಬರ್ ಈಟ್ಸ್‌ನಲ್ಲಿದ್ದ. 2020ರ ಜನವರಿಯಲ್ಲಿ ಅದನ್ನ ಜೊಮ್ಯಾಟೊ ಕೊಂಡ್ಕೊಳ್ತು. ಚಿಕ್ಕಪ್ಪ ಈಗ ಯಾರದೋ ಮನೆ ಅಟ್ಟದಲ್ಲಿ ಈರುಳ್ಳಿ ತುಂಬಿಸ್ಕೊಂಡು ನಿವೃತ್ತಿ ಜೀವನ ನಡೆಸ್ತಿದಾನೆ.

ನಾನು: ನೀವು ಬಂದ ಮೇಲೆ ಜನ ಸೋಮಾರಿಗಳಾದರು ಅಂತ ಹಿರಿಯರು ಬೈಯುತ್ತಾರೆ.

ಚೀಲ: ಬೈಯೋ ಹಿರಿಯರೂ ನನ್ನ ಗಿರಾಕಿಗಳೇ. ಜಯನಗರದಲ್ಲಿ ಒಬ್ಬರು ಅಜ್ಜ ಇದ್ದಾರೆ, ಮಂಡಿ ನೋವು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗಳು ಅಮೆರಿಕದಲ್ಲಿ ಕೂತು ಇಲ್ಲಿ ಅಪ್ಪನಿಗೆ ಇಡ್ಲಿ ಆರ್ಡರ್ ಮಾಡ್ತಾಳೆ. ಆ ಇಡ್ಲಿ ಹೊತ್ತು ಮೆಟ್ಟಿಲು ಹತ್ತೋವಾಗ ನನಗೆ ಸೋಮಾರಿತನ ಕಾಣಿಸಲ್ಲ. ನೈಟ್ ಶಿಫ್ಟ್ ಮುಗಿಸೋ ನರ್ಸ್‌ಗಳು, ಹಸುಗೂಸಿಟ್ಕೊಂಡು ಒಬ್ಬಳೇ ಇರೋ ಹೆಣ್ಮಗಳು, ಒಲೆ ಹಚ್ಚೋಕೆ ಓನರ್ ಬಿಡದ ಪಿಜಿ ಹುಡುಗರು, ಇವರಿಗೆಲ್ಲ ಯಾರು ಅನ್ನ ಹಾಕ್ತಿದ್ರು? 2020ರ ಲಾಕ್‌ಡೌನ್ ನೆನಪಿದೆಯಾ? ಹೋಟೆಲಲ್ಲಿ ಕೂತು ತಿನ್ನೋ ಹಾಗಿರಲಿಲ್ಲ, ಪಾರ್ಸೆಲ್ ಮಾತ್ರ. ಎಷ್ಟೋ ಒಲೆಗಳು ಆಗ ಆರದೇ ಉಳಿದಿದ್ದಕ್ಕೆ ನಾನೂ ಕಾರಣ.

ಇನ್ನೊಂದು ಉಪಕಾರ ಯಾರೂ ಹೇಳಲ್ಲ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಲೈಸೆನ್ಸ್ ಇಲ್ಲದ ಹೋಟೆಲ್‌ಗಳನ್ನ ಆ್ಯಪ್‌ನಿಂದ ತೆಗೀರಿ ಅಂದಾಗ, ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಸರುಗಳು ಒಮ್ಮೆಗೇ ಉದುರಿದವು. ಅಲ್ಲೀತನಕ ಅವುಗಳ ಊಟ ಹೊತ್ತಿದ್ದೂ ನಾವೇ ಅನ್ನೋದನ್ನ ದಯವಿಟ್ಟು ಪ್ರಿಂಟ್ ಮಾಡಬೇಡಿ.

ನಾನು: ಪ್ರಿಂಟ್ ಮಾಡುತ್ತೇನೆ. ಮಸಾಲೆದೋಸೆ ನಿಮ್ಮಿಂದ ಹಾಳಾಗುತ್ತದೆ ಎಂಬುದು ಬೆಂಗಳೂರಿಗರ ದೊಡ್ಡ ದೂರು.

ಚೀಲ: ಈ ಕೇಸಲ್ಲಿ ನಾನು ನಿರಪರಾಧಿ. ಗರಿಗರಿ ಅಂದ್ರೇನು? ಕಾವಲಿ ಮೇಲೆ ಹಿಟ್ಟಿನ ನೀರು ಹಾರಿ ಹೋಗಿರೋದು. ಅದನ್ನ ಸುಡ್ತಾ ಇರುವಾಗಲೇ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನನ್ನೊಳಗೆ ತುರುಕ್ತಾರೆ. ಆಲೂಗೆಡ್ಡೆ ಪಲ್ಯದ ಹಬೆ ಎಲ್ಲಿಗೆ ಹೋಗಬೇಕು? ಮುಚ್ಚಳ ಮುಟ್ಟಿ ನೀರಾಗಿ, ಮತ್ತೆ ದೋಸೆ ಮೇಲೇ ತೊಟ್ಟಿಕ್ಕುತ್ತೆ. ಬಿಸಿ ಹಿಡಿದಿಡೋಕೆ ಅಂತ ನನ್ನನ್ನ ಹೊಲಿದಿದ್ದಾರೆ. ನಾನು ಬಿಸಿ ಹಿಡಿದಷ್ಟೂ ದೋಸೆ ಕೆಡುತ್ತೆ. ಅಪಾರ್ಟ್‌ಮೆಂಟ್ ಗೇಟಲ್ಲಿ ಎಂಟ್ರಿ ಬರೆಸೋ ಹೊತ್ತಿಗೆ ಒಳಗಿರೋದು ದೋಸೆಯಲ್ಲ, ಆಲೂಗೆಡ್ಡೆಗೆ ಹೊದಿಸಿದ ಒದ್ದೆ ಕಂಬಳಿ.

ಪೂರಿ ಇನ್ನೂ ಪಾಪ. ಅದರ ಉಬ್ಬು ಕೌಂಟರ್ ದಾಟೋ ಮುಂಚೆನೇ ಇಳಿದಿರುತ್ತೆ. ಫ್ರೆಂಚ್ ಫ್ರೈಸ್ ಎರಡು ಸಿಗ್ನಲ್ ತಾಳಲ್ಲ. ಪಿಜ್ಜಾ ಗಟ್ಟಿಗ, ಆದ್ರೆ ನಮ್ಮ ಹುಡುಗ ಒಂದು ಹಂಪ್ ಹಾರಿಸಿದ್ರೆ ಚೀಸೆಲ್ಲ ಒಂದೇ ಕಡೆ ವಲಸೆ ಹೋಗುತ್ತೆ. ಇಡ್ಲಿ ಸಜ್ಜನ, ಎಲ್ಲಿ ಇಟ್ರೂ ಕೂತಿರುತ್ತೆ. ಪುಳಿಯೋಗರೆ, ಚಿತ್ರಾನ್ನ ಮೊದಲಿಂದಲೂ ಬುತ್ತಿ ಕಟ್ಟೋ ಅಡುಗೆ, ನನಗಿಂತ ಸೀನಿಯರ್. ಬಿರಿಯಾನಿಗಂತೂ ಮುಚ್ಚಿದ ಪಾತ್ರೆ ಅಂದ್ರೆ ತವರು ಮನೆ. ಸ್ವಿಗ್ಗಿಯವರು ವರ್ಷದ ಕೊನೆಗೆ ಪಟ್ಟಿ ಹಾಕಿದಾಗಲೆಲ್ಲ ಬಿರಿಯಾನಿನೇ ಮೊದಲು ಬರುತ್ತಲ್ಲ, ಬರೀ ರುಚಿಯಿಂದ ಅಂದ್ಕೊಂಡ್ರಾ? ಅರ್ಧ ಗೆಲುವು ಅದು ಪ್ರಯಾಣ ತಡ್ಕೊಳ್ಳೋದ್ರಲ್ಲಿದೆ ಅಂತ ನನ್ನ ಅಂದಾಜು. ಹೀಗೇ ನಡೆದ್ರೆ ನನ್ನೊಳಗೆ ಬದುಕುಳಿಯೋ ತಿಂಡಿಗೆ ಮಾತ್ರ ಭವಿಷ್ಯ. ಊರಿನ ನಾಲಿಗೆ ಏನು ತಿನ್ನಬೇಕು ಅಂತ ಒಂದು ಚೀಲ ತೀರ್ಮಾನ ಮಾಡುತ್ತೆ. ನನಗೂ ಸ್ವಲ್ಪ ಮುಜುಗರ ಆಗುತ್ತೆ ಸಾರ್.

ನಾನು: ಆದರೆ ಆ್ಯಪ್‌ನಲ್ಲಿ ಆಫರ್ ಇರುತ್ತದಲ್ಲ? ಹಣ ಉಳಿಯುತ್ತದೆ.

ಚೀಲ: (ನಗುತ್ತಾ, ತಳದಿಂದ ಒಂದು ಮುದ್ದೆಯಾದ ಬಿಲ್ ತೆಗೆದು) ಉದಾಹರಣೆಗೆ ಇದನ್ನೇ ಓದಿ. ಹೋಟೆಲ್ ಬೋರ್ಡಿನಲ್ಲಿ ದೋಸೆ 80 ರೂಪಾಯಿ, ಎಲ್ಲ ಸೇರಿ. ಆ್ಯಪ್‌ನಲ್ಲಿ 105. ಎರಡು ದೋಸೆಗೆ 210. ಪ್ಯಾಕಿಂಗ್ 20. ಆಫರ್ ಅಂತ 60 ಕಳೆದ್ರು, ಉಳೀತು 170. ಅದಕ್ಕೆ ಶೇ 5 ಜಿಎಸ್‌ಟಿ, ಎಂಟೂವರೆ ರೂಪಾಯಿ. ಡೆಲಿವರಿ 35, ಪ್ಲಾಟ್‌ಫಾರ್ಮ್ ಶುಲ್ಕ 15, ಇವೆರಡಕ್ಕೂ ಶೇ 18ರಂತೆ 9 ರೂಪಾಯಿ. ಒಟ್ಟು 237 ರೂಪಾಯಿ 50 ಪೈಸೆ. ಕೆಳಗೆ ಹಸಿರು ಅಕ್ಷರದಲ್ಲಿ ಏನಿದೆ ಓದಿ.

ನಾನು: “ಅಭಿನಂದನೆಗಳು! ನೀವು 60 ರೂಪಾಯಿ ಉಳಿಸಿದ್ದೀರಿ.”

ಚೀಲ: ನಡ್ಕೊಂಡು ಹೋಗಿದ್ರೆ 160ಕ್ಕೆ ಮುಗೀತಿತ್ತು. ಪ್ಲಾಟ್‌ಫಾರ್ಮ್ ಶುಲ್ಕ ಅಂತ 2023ರಲ್ಲಿ ಶುರು ಮಾಡಿದಾಗ ಬರೀ 2 ರೂಪಾಯಿ. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಈಗ ಹತ್ತು ದಾಟಿದೆ, ಈಗಲೂ ಯಾರೂ ತಲೆ ಕೆಡಿಸ್ಕೊಂಡಿಲ್ಲ. ತೆರಿಗೆ ಕಥೆ ಇನ್ನೂ ಚೆನ್ನಾಗಿದೆ. ವರ್ಷಕ್ಕೆ 20 ಲಕ್ಷದ ವ್ಯಾಪಾರ ಇಲ್ಲದ ಸಣ್ಣ ಹೋಟೆಲಿನವನು ಜಿಎಸ್‌ಟಿ ಕಟ್ಟಬೇಕಿಲ್ಲ. ಅವನದ್ದೇ ಇಡ್ಲಿ ಆ್ಯಪ್ ಮೂಲಕ ಹೊರಟ್ರೆ 2022ರ ಜನವರಿಯಿಂದ ಶೇ 5 ತೆರಿಗೆ ಬೀಳುತ್ತೆ, ಆ್ಯಪ್‌ನವರು ವಸೂಲಿ ಮಾಡಿ ಕಟ್ತಾರೆ. 2025ರ ಸೆಪ್ಟೆಂಬರ್‌ನಿಂದ ಡೆಲಿವರಿ ಶುಲ್ಕಕ್ಕೂ ಶೇ 18. ಇಡ್ಲಿ ಅದೇ, ಚಟ್ನಿ ಅದೇ, ನನ್ನೊಳಗೆ ಕೂತಿದ್ದಕ್ಕೆ ಅದರ ಅಂತಸ್ತು ಏರಿತು.

ನಾನು: ಬೋರ್ಡಿನ ಮೇಲೆ 80, ಆ್ಯಪ್‌ನಲ್ಲಿ 105. ಇದು ಹೋಟೆಲಿನವರ ದುರಾಸೆಯಲ್ಲವೇ?

ಚೀಲ: ಕ್ಯಾಷಿನಲ್ಲಿ ಕೂತಿರೋ ಆ ಯಜಮಾನರ ಮುಖ ನೋಡಿ, ದುರಾಸೆ ಕಾಣುತ್ತಾ? ಕಮಿಷನ್ ಶೇ 20ರಿಂದ 30ರ ತನಕ ಹೋಗುತ್ತೆ ಅಂತ ಹೋಟೆಲಿನವರು ಹೇಳ್ತಾರೆ. ಅದನ್ನ ಎಲ್ಲಿಂದ ತರಬೇಕು, ಬೆಲೆಗೇ ಸೇರಿಸ್ತಾರೆ. ಮೊದಲು ಇವರಿಗೆ ಬೆಳಗ್ಗೆ ಬರೋರ ಮುಖ ಗೊತ್ತಿತ್ತು, ಯಾರಿಗೆ ಚಟ್ನಿ ಜಾಸ್ತಿ, ಯಾರಿಗೆ ಕಾಫಿ ಸ್ಟ್ರಾಂಗ್ ಅಂತ ಗೊತ್ತಿತ್ತು. ಈಗ ಆರ್ಡರ್ ನಂಬರ್ ಬರುತ್ತೆ, ಗಿರಾಕಿ ಯಾರು ಅಂತ ಆ್ಯಪ್‌ಗೆ ಮಾತ್ರ ಗೊತ್ತು. ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘ ಕೊಟ್ಟ ದೂರುಗಳಲ್ಲಿ ಇದೂ ಒಂದು. 2022ರ ಏಪ್ರಿಲ್‌ನಲ್ಲಿ ಸ್ಪರ್ಧಾ ಆಯೋಗ ಎರಡೂ ದೊಡ್ಡ ಕಂಪನಿಗಳ ಮೇಲೆ ತನಿಖೆಗೆ ಆದೇಶಿಸ್ತು.

ಒಂದು ಹಳೇ ಕಥೆ ಹೇಳ್ತೀನಿ. 1995ರಲ್ಲಿ ಬ್ರಿಗೇಡ್ ರೋಡಿನಲ್ಲಿ ಕೆಎಫ್‌ಸಿ ದೇಶದ ಮೊದಲ ಅಂಗಡಿ ತೆರೀತು. ಮರುವರ್ಷ ಜನವರಿಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ನುಗ್ಗಿ ಗಾಜು, ಕುರ್ಚಿ ಪುಡಿ ಮಾಡಿದ್ರು. ಮಾಡಿದ್ದು ಸರಿಯೋ ತಪ್ಪೋ ನೀವು ಚರ್ಚೆ ಮಾಡ್ಕೊಳ್ಳಿ. ಆದ್ರೆ ಒಡೆಯೋಕೆ ಆಗ ಒಂದು ಗಾಜಾದ್ರೂ ಇತ್ತು. ಈಗ ಸಿಟ್ಟು ಬಂದ್ರೆ ಕಲ್ಲು ಎಲ್ಲಿಗೆ ಹೊಡೀತೀರಿ? ಅಂಗಡಿ ನಿಮ್ಮ ಜೇಬಲ್ಲೇ ಇದೆ, ಇಎಂಐನಲ್ಲಿ ತಗೊಂಡಿದ್ದು.

ನಾನು: ನಿಮಗೂ ಜಾತಿ ಬಂದಿತ್ತಂತೆ?

ಚೀಲ: ಬಂದಿತ್ತು, ಒಂದು ದಿನದ ಮಟ್ಟಿಗೆ. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊದವರು ಶುದ್ಧ ಸಸ್ಯಾಹಾರಿಗಳಿಗೆ ಬೇರೆ ತಂಡ ಮಾಡ್ತೀವಿ, ಅವರಿಗೆ ಹಸಿರು ಬಟ್ಟೆ, ಹಸಿರು ಡಬ್ಬ ಅಂದ್ರು. ಕೆಂಪು ಹಾಕಿರೋರನ್ನ ಅಪಾರ್ಟ್‌ಮೆಂಟ್‌ನವರು ಗೇಟಲ್ಲೇ ತಡೆದ್ರೆ ಗತಿ ಏನು ಅಂತ ಗಲಾಟೆ ಎದ್ದಿತು. ಮಾರನೇ ದಿನ ಎಲ್ಲರಿಗೂ ಕೆಂಪೇ ಇರಲಿ ಅಂದ್ರು. ಕಬಾಬ್ ವಾಸನೆ ಪನೀರಿಗೆ ಹತ್ತುತ್ತೆ ಅನ್ನೋ ಚಿಂತೆ ಇತ್ತಂತೆ. ನನ್ನ ಅನುಭವ ಹೇಳಬೇಕೂಂದ್ರೆ, ಶ್ರಾವಣ ಮಾಸದಲ್ಲಿ ಗೇಟಿನ ಹೊರಗೆ ಬಂದು ಕಬಾಬ್ ಇಸಿದುಕೊಳ್ಳೋರಿಗೆ ಯಾವ ಬಣ್ಣದ ಚೀಲ ಕೊಡಬೇಕು ಅಂತ ಯಾರೂ ಯೋಚಿಸಿಲ್ಲ.

ನಾನು: ಡೆಲಿವರಿಗೆ ಮಾತ್ರ ಅಡುಗೆ ಮಾಡುವ ಕ್ಲೌಡ್ ಕಿಚನ್ ಬಗ್ಗೆ?

ಚೀಲ: ನಿಮ್ಮ ಆ್ಯಪ್‌ನಲ್ಲಿ ಆರು ಹೋಟೆಲ್, ಆರು ಲೋಗೋ. ನಾನು ಹೋಗಿ ನಿಲ್ಲೋದು ಒಂದೇ ಶೆಟರ್ ಮುಂದೆ. ಒಳ್ಳೇದೂ ಇವೆ, ಮೇನ್ ರೋಡಲ್ಲಿ ಬಾಡಿಗೆ ಕಟ್ಟೋಕಾಗದ ಹೆಣ್ಮಕ್ಕಳು ಮನೆ ಹಿಂದೆ ಒಲೆ ಹಚ್ಚಿ ದುಡೀತಿದಾರೆ. ನನ್ನ ಗೊಣಗಾಟ ಒಂದೇ. ದರ್ಶಿನಿಯಲ್ಲಿ ಹಿಟ್ಟು ಹುಯ್ಯೋ ಕೈ ಕಾಣುತ್ತೆ, ಅಲ್ಲಿ ನನಗೇ ಕಾಣಲ್ಲ.

ನಾನು: ಹತ್ತು ನಿಮಿಷದ ಡೆಲಿವರಿ?

ಚೀಲ: (ಹುಡುಗನ ಕಡೆ ತಿರುಗಿ, ದನಿ ತಗ್ಗಿಸಿ) ಮೊದಲು ಜೊಮ್ಯಾಟೊದವರು 2022ರಲ್ಲಿ ಹೇಳಿದ್ರು, ಆಮೇಲೆ ಸ್ವಿಗ್ಗಿಯವರು 2024ರಲ್ಲಿ ಬೋಲ್ಟ್ ಅಂತ ತಂದ್ರು. ಹತ್ತಿರದ ಹೋಟೆಲ್, ಬೇಗ ಆಗೋ ತಿಂಡಿ, ಹಾಗಾಗಿ ಗಾಡಿ ಓಡಿಸೋನಿಗೆ ಅವಸರ ಇಲ್ಲ ಅನ್ನೋದು ಕಂಪನಿಗಳ ವಾದ. ಕಾಗದದ ಮೇಲೆ ನಿಜ. ರಸ್ತೆ ಮೇಲೆ ನಾನು ಅವನ ಬೆನ್ನಿಗೇ ಅಂಟಿಕೊಂಡಿರ್ತೀನಲ್ಲ, ಉಸಿರು ಎಷ್ಟು ಜೋರಾಗಿ ಬರುತ್ತೆ ಅಂತ ನನಗೆ ಗೊತ್ತು. ಇನ್ಸೆಂಟಿವ್‌ಗೆ ಇನ್ನೆರಡು ಆರ್ಡರ್ ಬೇಕು ಅನ್ನೋ ಹೊತ್ತಿಗೆ ಮಳೆ ಬಂದ್ರೆ, ಅವನು ಫ್ಲೈಓವರ್ ಕೆಳಗೆ ನಿಲ್ಲಲ್ಲ. ಮೊದಲು ನನಗೆ ಪ್ಲಾಸ್ಟಿಕ್ ಹೊದಿಸ್ತಾನೆ, ಆಮೇಲೆ ತಾನು ಜರ್ಕಿನ್ ಹಾಕ್ಕೊಳ್ತಾನೆ. ಯಾಕಂದ್ರೆ ದೋಸೆ ನೆಂದ್ರೆ ರೇಟಿಂಗ್ ಹೋಗುತ್ತೆ. ಅವನು ನೆಂದ್ರೆ ಏನೂ ಹೋಗಲ್ಲ.

ಈ ಹುಡುಗರಿಗೆಲ್ಲ ದೊಡ್ಡ ಭಯ ಅಂದ್ರೆ ಐಡಿ ಬ್ಲಾಕ್. ಬೆಳಗ್ಗೆ ಎದ್ದು ಆ್ಯಪ್ ತೆರೆದ್ರೆ ತೆರೆಯಲ್ಲ. ಯಾಕೆ ಅಂತ ಕೇಳೋಕೆ ಒಂದು ಕಿಟಕಿ, ಒಬ್ಬ ಗುಮಾಸ್ತ ಕೂಡ ಇಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ. ಕಾರಣ ಹೇಳದೆ, 14 ದಿನದ ನೋಟಿಸ್ ಕೊಡದೆ ತೆಗೆಯೋ ಹಾಗಿಲ್ಲ. ಅವರಿಗೆ ಕೊಡೋ ದುಡ್ಡಿನ ಮೇಲೆ ಶೇ 1ರಿಂದ 5ರಷ್ಟನ್ನ ಕಂಪನಿಗಳು ಕ್ಷೇಮನಿಧಿಗೆ ಕಟ್ಟಬೇಕು. ಅದಕ್ಕೂ ಮುಂಚೆ, 2023ರಲ್ಲಿ 4 ಲಕ್ಷ ರೂಪಾಯಿ ವಿಮೆ ಘೋಷಿಸಿದ್ರು. ಕಾಯ್ದೆ ಚೆನ್ನಾಗಿದೆ, ನಾನು ಓದಿದ್ದೀನಿ. ನಮ್ಮ ಹುಡುಗ ಪರೀಕ್ಷೆಗೆ ಅಂತ ಗಟ್ಟಿಯಾಗಿ ಓದ್ತಿದ್ದ. ಅದು ಅವನದೇ ಬದುಕಿನ ವಿಷಯ ಅಂತ ಎರಡನೇ ಸಲ ಓದುವಾಗ ಗೊತ್ತಾಯ್ತು.

ನಾನು: ಪ್ಲಾಸ್ಟಿಕ್ ಬಗ್ಗೆ ಒಂದು ಮಾತು?

ಚೀಲ: 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಚಮಚ ನಿಷೇಧ. ಡಬ್ಬಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮರದ ಚಮಚದಲ್ಲಿ ಪ್ಲಾಸ್ಟಿಕ್ ಡಬ್ಬಿಯಿಂದ ತಿಂದು ಪರಿಸರ ಉಳಿಸ್ತಿದ್ದೀರಿ. ಮುಂದಿನ ಪ್ರಶ್ನೆ.

ನಾನು: ಕೊನೆಯದಾಗಿ, ನಾವು ಆರ್ಡರ್ ಮಾಡಬೇಕೋ ಬೇಡವೋ?

ಚೀಲ: ನನ್ನ ಹೊಟ್ಟೆಪಾಡು ಸಾರ್, ಬೇಡ ಅನ್ನಲಾ? ಆದ್ರೆ ಒಂದು ತಮಾಷೆ ನೋಡಿ. ಈ ಊರಿಗೆ ವೇಗದ ತಿಂಡಿ ಕಲಿಸಿದ್ದು ನಾನಲ್ಲ. 1983ರಲ್ಲೇ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಟೋಕನ್ ತಗೊಂಡು, ನಿಂತ್ಕೊಂಡು, ತಿಂದು, ಕಾಫಿ ಕುಡಿದು ಹೊರಟ್ರೆ ಕಾಲು ಗಂಟೆ. ಈಗ ನೀವು ಮೂರು ಅಂಗಡಿ ಆಚೆಗಿರೋ ದರ್ಶಿನಿಯಿಂದ ತರಿಸಿ, ಸೋಫಾ ಮೇಲೆ ಕೂತು, ಮ್ಯಾಪಿನಲ್ಲಿ ನಾನು ಎಲ್ಲಿದೀನಿ ಅಂತ ಅರ್ಧ ಗಂಟೆ ನೋಡ್ತೀರಿ. ಕಾಯಿಲೆ, ಮಳೆ, ಮಗು, ನೈಟ್ ಶಿಫ್ಟ್ ಇದ್ರೆ ಕರೀರಿ, ಓಡಿ ಬರ್ತೀನಿ. ಬಿರಿಯಾನಿಗೆ ಕರೀರಿ, ಪುಳಿಯೋಗರೆಗೆ ಕರೀರಿ. ಕಾಲು ಗಟ್ಟಿ ಇದ್ದು ಪಕ್ಕದ ಬೀದಿಯ ಮಸಾಲೆದೋಸೆಗೆ ಕರೆದ್ರೆ ಮಾತ್ರ ನಿಮ್ಮ ಮೇಲೆ ನನಗೆ ಗೌರವ ಉಳಿಯಲ್ಲ.

(ಒಳಗಿನಿಂದ ಆರ್ಡರ್ ನಂಬರ್ ಕೂಗಿದರು. ಹುಡುಗ ಮೊಬೈಲ್ ಜೇಬಿಗಿಟ್ಟು ಎದ್ದ. ಚೀಲ ಬೆನ್ನೇರುತ್ತಲೇ ಓದುಗರಿಗೆ ಒಂದು ಮನವಿ ಸಲ್ಲಿಸಿತು.)

ಚೀಲ: ಬರ್ಕೊಳ್ಳಿ, ಬೇಗ. ಲೊಕೇಶನ್ ಪಿನ್ ನಿಮ್ಮ ಮನೆ ಮೇಲೇ ಇಡಿ, ಪಕ್ಕದ ಪಾರ್ಕಿನ ಮೇಲಲ್ಲ. ಯಾವ ಗೇಟು, ಯಾವ ಬ್ಲಾಕು ಅಂತ ಬರೀರಿ. ಫೋನ್ ಮಾಡಿದ್ರೆ ಎತ್ತಿ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ‘ಡೆಲಿವರಿಯವರಿಗೆ ಪ್ರವೇಶವಿಲ್ಲ’ ಅನ್ನೋ ಬೋರ್ಡ್ ಇದ್ರೆ ಮುಂದಿನ ಸಂಘದ ಮೀಟಿಂಗ್‌ನಲ್ಲಿ ಅದನ್ನ ತೆಗೆಸಿ. ದೋಸೆ ಮೆತ್ತಗಿದ್ರೆ ಹಬೆಯನ್ನ ಬೈಯಿರಿ, ಹುಡುಗನಿಗೆ ಒಂದು ಸ್ಟಾರ್ ಕೊಡಬೇಡಿ.